ಒಳಗೆ ಹೋಗುವ ಸಾಮಾನು ಆಮೇಲೆ, ಹೊರಗೆ ಬರುವ ಸಾಮಾನು ಮೊದಲು

ಸಕಲೇಶಪುರದ ಕಡೆಯ ಕಾಫಿ ತೋಟಗಳಲ್ಲಿ ಕ್ವಾಡ್, ಅಂದರೆ ಬೈಕಿನಂತೆ ಮೇಲೆ ಕೂತು ಓಡಿಸುವ ನಾಲ್ಕು ದಪ್ಪ ಚಕ್ರದ ಗಾಡಿ, ಈಗ ಅಪರೂಪದ್ದೇನಲ್ಲ. ಪಂಪು, ಪೈಪು ಸಾಗಿಸಲು, ಗೊಬ್ಬರದ ಚೀಲ ಹೇರಲು, ಮಳೆಗಾಲದಲ್ಲಿ ಜೀಪೂ ಹತ್ತದ ದಿಣ್ಣೆಗೆ ಹೋಗಿಬರಲು ನಮ್ಮಲ್ಲೂ ಒಂದಿದೆ, 570 ಸಿಸಿಯದ್ದು. ಭಾನುವಾರ ಮಾತ್ರ ನನಗೆ ಎಕ್ಸ್‌ಪಲ್ಸ್ 200 ಬೈಕೇ ಬೇಕು. ಈ ಎರಡು ಗಾಡಿಗೂ ಸಾಮಾನು ಕೊಳ್ಳುತ್ತಾ, ಕೆಲವನ್ನು ಬಿಚ್ಚಿ ಅಟ್ಟಕ್ಕೆ ಹಾಕುತ್ತಾ ಈಗ ನನಗೊಂದು ಲೆಕ್ಕ ಸಿಕ್ಕಿದೆ. ಗಾಡಿಯನ್ನು ಕೆಸರಿನೊಳಗೆ ಕರೆದುಕೊಂಡು ಹೋಗುವ ಸಾಮಾನಿಗಿಂತ ಮೊದಲು, ಅಲ್ಲಿಂದ ಹೊರಗೆ ತರುವ ಸಾಮಾನಿಗೆ ದುಡ್ಡು ಹಾಕಬೇಕು. ಬಾರ್ ಲೈಟು, ಸ್ಟಿಕರ್ ಕಿಟ್ಟು ಎಲ್ಲ ಆಮೇಲೆ. ಜೋರು ಸದ್ದಿನ ಸೈಲೆನ್ಸರ್ ಅಂತೂ ಬೇಡವೇ ಬೇಡ. ಆನೆ ಓಡಾಡುವ ಸೀಮೆಯಲ್ಲಿ ಕಿವಿಗೆ ಬೇರೆ ಕೆಲಸ ಇದೆ.

ನಾನು ಮೊದಲು ಹೇಳುವುದು ಗಾಳಿ ನೋಡುವ ಗೇಜಿನ ವಿಷಯ. ಕ್ವಾಡಿನ ದಪ್ಪ ಟೈರಿಗೆ ಬೇಕಾಗಿರುವ ಗಾಳಿಯ ಒತ್ತಡ ಸಾಮಾನ್ಯವಾಗಿ ಬರೀ 5ರಿಂದ 7 ಪಿಎಸ್‌ಐ. ನಿಮ್ಮ ಗಾಡಿಗೆ ಎಷ್ಟು ಅಂತ ಅದರ ಮೇಲಿನ ಸ್ಟಿಕರಿನಲ್ಲೇ ಬರೆದಿರುತ್ತದೆ. ಪೆಟ್ರೋಲ್ ಬಂಕಿನ ಗೇಜು ಇರುವುದು ಕಾರಿಗೆ, ಲಾರಿಗೆ. ಅದರಲ್ಲಿ 5ಕ್ಕೂ 8ಕ್ಕೂ ಇರುವ ವ್ಯತ್ಯಾಸ ನೆಟ್ಟಗೆ ಕಾಣುವುದಿಲ್ಲ. ಟೈರಿಗೆ ಮಾತ್ರ ಅದು ದೊಡ್ಡ ವ್ಯತ್ಯಾಸ. ಒಂದು ಕಡೆಯ ಚಕ್ರದಲ್ಲಿ ಎರಡು ಪಿಎಸ್‌ಐ ಜಾಸ್ತಿ ಇದ್ದರೂ ಸಾಕು, ಗಾಡಿ ಒಂದೇ ಕಡೆ ಎಳೆಯುತ್ತದೆ. ಇಳಿಜಾರಿನಲ್ಲಿ ಅದು ಅಪಾಯ. ಹಾಗಾಗಿ 0ಯಿಂದ 15 ಪಿಎಸ್‌ಐವರೆಗೆ ಮಾತ್ರ ಅಳೆಯುವ ಗೇಜು ತಂದಿಟ್ಟುಕೊಳ್ಳಿ. ಬೆಳಿಗ್ಗೆ ಟೈರು ತಣ್ಣಗಿರುವಾಗಲೇ ನೋಡಿ.

ಬೈಕಿನ ಕಥೆ ಬೇರೆ. ಎಕ್ಸ್‌ಪಲ್ಸಿಗೆ ಮುಂದೆ 21 ಇಂಚು, ಹಿಂದೆ 18 ಇಂಚಿನ ಕಡ್ಡಿ ಚಕ್ರ, ಒಳಗೆ ಟ್ಯೂಬು. ಟಾರು ಬಿಟ್ಟು ತೋಟದ ದಾರಿಗೆ ಇಳಿಯುವಾಗ ನಾನು 18ರಿಂದ 20 ಪಿಎಸ್‌ಐಗೆ ಇಳಿಸುತ್ತೇನೆ. ಒದ್ದೆ ಜೇಡಿಯಲ್ಲಿ ಟೈರು ಆಗಲೇ ಹಿಡಿಯುವುದು. ಇನ್ನೂ ಕಡಿಮೆ ಮಾಡಿದರೆ ಕಲ್ಲಿಗೆ ಹೊಡೆದಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಪಕ್ಕಪಕ್ಕದಲ್ಲಿ ಎರಡು ಸೀಳು ಬೀಳುತ್ತದೆ. ಒಂದೇ ಸೀಳು ಅಂದುಕೊಂಡು ಪ್ಯಾಚು ಹಾಕಿ ಮುಚ್ಚಬೇಡಿ, ಇನ್ನೊಂದನ್ನೂ ಹುಡುಕಿ.

ಗಾಳಿ ಕಡಿಮೆ ಇದ್ದಾಗ ಇನ್ನೊಂದು ತೊಂದರೆಯೂ ಇದೆ. ಜೋರಾಗಿ ಬ್ರೇಕ್ ಹಾಕಿದಾಗ, ಆಕ್ಸಿಲರೇಟರ್ ಕೊಟ್ಟಾಗ ಟೈರು ರಿಮ್ಮಿನ ಮೇಲೆ ಸ್ವಲ್ಪ ಸ್ವಲ್ಪವೇ ಸರಿಯುತ್ತದೆ. ಒಳಗಿನ ಟ್ಯೂಬೂ ಅದರ ಜೊತೆ ಹೋಗುತ್ತದೆ. ಅಲ್ಲಾಡಲು ಆಗದ್ದು ವಾಲ್ವು ಒಂದೇ. ಕೊನೆಗೆ ಅದು ಬುಡದಲ್ಲಿ ಹರಿಯುತ್ತದೆ, ಆ ಹರಿದ ಜಾಗಕ್ಕೆ ಯಾವ ಪ್ಯಾಚೂ ಕೂರುವುದಿಲ್ಲ. ಇದಕ್ಕೇ ನಾನು ವಾಲ್ವಿನ ನಟ್ಟನ್ನು ರಿಮ್ಮಿಗೆ ಬಿಗಿಯುವುದೇ ಇಲ್ಲ. ಮೇಲಕ್ಕೆ ಬಿಡಿಸಿ ಕ್ಯಾಪಿಗೆ ತಾಗಿಸಿ ಇಟ್ಟಿರುತ್ತೇನೆ. ಟ್ಯೂಬು ಸರಿದರೆ ವಾಲ್ವು ಓರೆಯಾಗಿ ನಿಲ್ಲುತ್ತದೆ, ಗಾಡಿ ನಿಲ್ಲಿಸಿದಾಗ ಕಣ್ಣಿಗೆ ಬೀಳುತ್ತದೆ. ಆಗ ಗಾಳಿ ಬಿಟ್ಟು ಟೈರನ್ನು ವಾಪಸ್ ತಿರುಗಿಸಿ ಸರಿ ಮಾಡಿಕೊಳ್ಳಬಹುದು. ಟೈರನ್ನು ಹಿಡಿದಿಡಲು ರಿಮ್ ಲಾಕ್ ಅಂತಲೇ ಸಿಗುತ್ತದೆ. ಹಿಂದಿನ ಚಕ್ರಕ್ಕೆ ಒಂದು ಹಾಕಿಸಿದ್ದೇನೆ.

ಸ್ಪೇರ್ ಆಗಿ 21 ಇಂಚಿನ ದಪ್ಪ ಟ್ಯೂಬು ಒಂದೇ ಸಾಕು. ತೀರಾ ಬೇಕಾದರೆ ಅದನ್ನು ಹಿಂದಿನ 18ರ ಚಕ್ರಕ್ಕೆ ಮಡಿಸಿ ತುರುಕಿ ನಿಧಾನವಾಗಿ ಮನೆ ಸೇರಬಹುದು. ಜೊತೆಗೆ ಮೂರು ಟೈರ್ ಲಿವರು, ಕೈಪಂಪು, ಪುಟ್ಟ ಡಬ್ಬಿಯಲ್ಲಿ ಟಾಲ್ಕಂ ಪೌಡರು. ಲಿವರ್ ಹಾಕುವಾಗ ಬಲ ಪ್ರಯೋಗ ಮಾಡುವವರನ್ನು ತುಂಬಾ ನೋಡಿದ್ದೇನೆ. ಬಲ ಬೇಕಾಗುವುದೇ ಇಲ್ಲ. ಲಿವರ್ ಇಟ್ಟ ಜಾಗಕ್ಕೆ ಸರಿಯಾಗಿ ಎದುರು ಬದಿಯಲ್ಲಿ ಟೈರಿನ ಅಂಚು ರಿಮ್ಮಿನ ನಡುವಿನ ತಗ್ಗಿನಲ್ಲಿ ಕೂತಿರಬೇಕು, ಅಷ್ಟೇ. ಎರಡೂ ಮೊಣಕಾಲು ಊರಿ ಅದನ್ನು ಅಲ್ಲೇ ಒತ್ತಿ ಹಿಡಿಯಿರಿ. ಈ ಕಡೆ ಅಂಚು ತಾನೇ ಸಡಿಲವಾಗಿ ಮೇಲೆ ಬರುತ್ತದೆ. ಹೊಸ ಟ್ಯೂಬಿಗೆ ಸ್ವಲ್ಪ ಗಾಳಿ ತುಂಬಿ ದುಂಡಗೆ ಮಾಡಿ ಒಳಗಿಟ್ಟರೆ ಲಿವರಿಗೆ ಸಿಕ್ಕಿ ತೂತಾಗುವುದಿಲ್ಲ. ಕ್ವಾಡಿನದು ಟ್ಯೂಬ್‌ಲೆಸ್ ಆದ್ದರಿಂದ ಅದಕ್ಕೆ ಬತ್ತಿ ತುರುಕುವ ಪಂಕ್ಚರ್ ಕಿಟ್ಟು, ಬ್ಯಾಟರಿಗೆ ಸಿಕ್ಕಿಸುವ ಸಣ್ಣ ಕಂಪ್ರೆಸರು ಸಾಕು.

ಇನ್ನು ವಿಂಚು, ಅಂದರೆ ಗಾಡಿಗೆ ಕೂರಿಸಿದ, ಹಗ್ಗ ಸುತ್ತಿಕೊಳ್ಳುತ್ತಾ ಹೂತ ಗಾಡಿಯನ್ನು ಹೊರಗೆಳೆಯುವ ಯಂತ್ರ. ಪುನರ್ವಸು, ಪುಷ್ಯ ಮಳೆ ಹಿಡಿದುಕೊಂಡ ಮೇಲೆ ನಮ್ಮ ಕಡೆ ವಿಂಚಿಲ್ಲದೆ ಕ್ವಾಡ್ ಇಳಿಸುವುದು ಸುಮ್ನೆ ಆಳುಗಳಿಗೆ ಕಷ್ಟ ಕೊಟ್ಟಂತೆ. ಗಾಡಿಯ ತೂಕವೇ 300 ಕಿಲೊಗೂ ಜಾಸ್ತಿ. ಚಾಸಿಯವರೆಗೂ ಹೂತುಕೊಂಡರೆ ನಾಲ್ಕು ಜನ ಹಿಡಿದರೂ ಕದಲುವುದಿಲ್ಲ. ನಮ್ಮದಕ್ಕೆ 3500 ಪೌಂಡಿನ ವಿಂಚು ಹಾಕಿಸಿದ್ದೇನೆ, ಅಂದರೆ ಸುಮಾರು 1600 ಕಿಲೊ ಎಳೆಯುವಂಥದ್ದು. ಆದರೆ ಡಬ್ಬಿಯ ಮೇಲೆ ಬರೆದ ಆ ಶಕ್ತಿ ಸಿಗುವುದು ಹಗ್ಗ ಸುತ್ತುವ ಡ್ರಮ್ಮಿನ ಮೇಲೆ ಒಂದೇ ಪದರ ಹಗ್ಗ ಉಳಿದಿರುವಾಗ ಮಾತ್ರ. ಹಗ್ಗ ಮೇಲೆ ಮೇಲೆ ಸುತ್ತಿಕೊಂಡಷ್ಟೂ ಎಳೆತ ಕಡಿಮೆಯಾಗುತ್ತದೆ. ಅದಕ್ಕೇ ಹತ್ತಿರದ ಮರ ಬಿಟ್ಟು ದೂರದ ಮರಕ್ಕೆ ಕಟ್ಟುವುದು ಒಳ್ಳೆಯದು.

ಯಾವ ಮರ ಅನ್ನುವುದೂ ಮುಖ್ಯ. ನಮ್ಮ ತೋಟಗಳಲ್ಲಿ ನೆರಳಿಗೆ ಹಾಲವಾಣ ಹೇರಳವಾಗಿದೆ. ಅದು ಮೆದು ಮರ, ಅದಕ್ಕೆ ವಿಂಚು ಕಟ್ಟಲೇಬಾರದು. ಹಲಸು, ಅತ್ತಿ, ಚೆನ್ನಾಗಿ ಬಲಿತ ಸಿಲ್ವರ್ ಓಕ್ ಆಗಬಹುದು. ಕಟ್ಟುವುದು ಬುಡದಲ್ಲಿ, ಅದೂ ಅಗಲವಾದ ನೈಲಾನ್ ಪಟ್ಟಿ ಸುತ್ತಿ. ಬರೀ ಹಗ್ಗ ಬಿಗಿದರೆ ತೊಗಟೆ ಸುಲಿದು ಮರ ಸಾಯುತ್ತದೆ. ಮೆಣಸಿನ ಬಳ್ಳಿ ಹಬ್ಬಿಸಿದ ಮರವಂತೂ ಮುಟ್ಟಬೇಡಿ, ಬೇರೆಯವರ ವರ್ಷದ ದುಡಿಮೆ ಅದರ ಮೇಲಿರುತ್ತದೆ.

ವಿಂಚಿನ ಜೊತೆ ಒಂದು ರಾಟೆ ಇಟ್ಟುಕೊಳ್ಳಿ. ಅಂಗಡಿಯಲ್ಲಿ ಸ್ನ್ಯಾಚ್ ಬ್ಲಾಕ್ ಅಂತ ಕೇಳಿದರೆ ಕೊಡುತ್ತಾರೆ. ರಾಟೆಯನ್ನು ಮರಕ್ಕೆ ಕಟ್ಟಿ, ಹಗ್ಗವನ್ನು ಅದರ ಮೂಲಕ ಹಾಯಿಸಿ ಕೊಕ್ಕೆಯನ್ನು ವಾಪಸ್ ತಂದು ಗಾಡಿಯ ಚಾಸಿಗೇ ಸಿಕ್ಕಿಸಿದರೆ ಎಳೆತ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ವೇಗ ಅರ್ಧವಾಗುತ್ತದೆ, ಆಗಲಿ ಬಿಡಿ. ಎಂಜಿನ್ ಚಾಲೂ ಇರಲಿ, ಇಲ್ಲದಿದ್ದರೆ ಬ್ಯಾಟರಿ ಕುಸಿಯುತ್ತದೆ. ಸ್ವಲ್ಪ ಎಳೆಯುವುದು, ನಿಲ್ಲಿಸುವುದು, ಮತ್ತೆ ಎಳೆಯುವುದು.

ಉಕ್ಕಿನ ಹಗ್ಗ ಬಿಟ್ಟು ಸಿಂಥೆಟಿಕ್ ಹಗ್ಗಕ್ಕೆ ಹೋಗಿ ಅಂತ ನಾನು ಒತ್ತಿ ಹೇಳುತ್ತೇನೆ. ಉಕ್ಕಿನದು ತುಂಡಾದರೆ ಬೀಸಿ ಹೊಡೆಯುತ್ತದೆ. ಎಳೆ ಎದ್ದರೆ ಗ್ಲೌಸನ್ನೂ ದಾಟಿ ಕೈಗೆ ಚುಚ್ಚುತ್ತದೆ. ಸಿಂಥೆಟಿಕ್ ಹಗುರ, ತುಂಡಾದರೂ ಆ ರಭಸ ಇರುವುದಿಲ್ಲ. ಯಾವುದೇ ಆದರೂ ಎಳೆಯುವಾಗ ಹಗ್ಗದ ನಡುವೆ ಒದ್ದೆ ಗೋಣಿಚೀಲ ಹೊದಿಸಿ. ಹಗ್ಗದ ಸಾಲಿನಲ್ಲಿ ಯಾರೂ ನಿಲ್ಲಬಾರದು. ತೋಟದಲ್ಲಿ ನೋಡಲು ಮಕ್ಕಳು ಓಡಿ ಬರುತ್ತಾರೆ, ಮೊದಲು ಅವರನ್ನು ದೂರ ಕಳಿಸಿ ಆಮೇಲೆ ಗುಂಡಿ ಒತ್ತಿ.

ಬೈಕಿಗೆ ವಿಂಚು ಇಲ್ಲ, ಅಲ್ವಾ? ಅದಕ್ಕೆ ಮುಂದಿನ ಫೋರ್ಕುಗಳ ಸುತ್ತ ಒಂದು ಪಟ್ಟಿ ಕಾಯಂ ಕಟ್ಟಿಟ್ಟಿದ್ದೇನೆ. ಜಾರುವ ಏರಿನಲ್ಲಿ ಗೆಳೆಯ ಮುಂದೆ ನಿಂತು ಅದನ್ನು ಹಿಡಿದು ಎಳೆಯುತ್ತಾನೆ, ನಾನು ಪಕ್ಕದಲ್ಲಿ ನಡೆಯುತ್ತಾ ಕ್ಲಚ್ ಬಿಡುತ್ತೇನೆ. ಇಷ್ಟು ಅಗ್ಗದ ಸಾಮಾನು ಇಷ್ಟು ಕೆಲಸಕ್ಕೆ ಬರುವುದು ಬೇರೆ ಇಲ್ಲ. ಮಡ್‌ಗಾರ್ಡ್ ಹಿಡಿದು ಎಳೆದರೆ ಅದೇ ಮುರಿಯುತ್ತದೆ.

ಬೀಳುವುದಂತೂ ಇದ್ದೇ ಇದೆ. ಬಿದ್ದಾಗ ಮೊದಲು ಹೋಗುವುದು ಕ್ಲಚ್ ಲಿವರು. ಒಳಗೆ ಅಲ್ಯೂಮಿನಿಯಂ ಪಟ್ಟಿ ಇರುವ ಹ್ಯಾಂಡ್‌ಗಾರ್ಡ್ ಹಾಕಿಸಿ, ಬರೀ ಪ್ಲಾಸ್ಟಿಕ್ಕಿನದು ಗಾಳಿ ತಡೆಯುತ್ತದೆ ಅಷ್ಟೇ. ಲಿವರಿನ ಕ್ಲಾಂಪನ್ನು ಕಲ್ಲಿನಂತೆ ಬಿಗಿಯದೆ, ಕೈಯಿಂದ ಬಲವಾಗಿ ತಿರುಗಿಸಿದರೆ ತಿರುಗುವಷ್ಟು ಬಿಡಿ. ಬಿದ್ದಾಗ ತಿರುಗುತ್ತದೆ, ಮುರಿಯುವುದಿಲ್ಲ. ಎಂಜಿನ್ನಿಗೆ ಕಲ್ಲು ಬಡಿಯದಂತೆ ಕೆಳಗೆ ದಪ್ಪ ಬ್ಯಾಶ್ ಪ್ಲೇಟ್ ಇರಲಿ. ಹೊಸ ಕ್ಲಚ್ ಕೇಬಲನ್ನು ಹಳೆಯದರ ಪಕ್ಕದಲ್ಲೇ ಎಳೆದು ಟೈ ಹಾಕಿಟ್ಟರೆ, ತುಂಡಾದ ದಿನ ತುದಿ ಎರಡು ಸಿಕ್ಕಿಸಿದರೆ ಆಯಿತು.

ಮೈಮೇಲಿನ ಸಾಮಾನಿನಲ್ಲಿ ಬೂಟಿಗೆ ನನ್ನ ಮೊದಲ ಓಟು. ಹೆಲ್ಮೆಟ್ ಎಲ್ಲರೂ ಹಾಕುತ್ತಾರೆ. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ್ದನ್ನು ಮಾರುವಂತೆಯೂ ಇಲ್ಲ. ಕಾಲಿಗೆ ಮಾತ್ರ ಗಮ್‌ಬೂಟು, ಇಲ್ಲಾಂದ್ರೆ ಶೂ. ಬೈಕು ಪಕ್ಕಕ್ಕೆ ವಾಲಿದಾಗ ಪಾದ ಅದರಡಿ ಸಿಕ್ಕಿ ತಿರುಚುವುದು ಈ ಆಟದಲ್ಲಿ ತೀರಾ ಸಾಮಾನ್ಯ. ಮೊಣಕಾಲಿನ ಹತ್ತಿರದವರೆಗೆ ಬರುವ, ಬಕಲ್ ಇರುವ ಮೋಟೊಕ್ರಾಸ್ ಬೂಟೇ ಅದನ್ನು ತಡೆಯುವುದು. ಅದರೊಳಗೆ ಇಂಬಳ (ಜಿಗಣೆ) ಹತ್ತದಂತೆ ಬಿಗಿಯಾಗಿ ನೇಯ್ದ ಬಟ್ಟೆಯ ಸಾಕ್ಸು ಹಾಕಿದರೆ ಮಳೆಗಾಲದಲ್ಲಿ ನೆಮ್ಮದಿ. ಮೊಣಕಾಲು, ಮೊಣಕೈ ಗಾರ್ಡುಗಳಲ್ಲಿ ಯುರೋಪಿನ ಸುರಕ್ಷತಾ ಗುರುತಾದ ಸಿಇ ಲೆವೆಲ್ 2 ಅಂತ ಬರೆದಿರುವುದನ್ನು ಆರಿಸಿ. ಏರ್‌ಬ್ಯಾಗ್ ಜಾಕೆಟ್ 2021ರಿಂದ ಡಕಾರ್ ರ‍್ಯಾಲಿಯಲ್ಲಿ ಬೈಕು ಓಡಿಸುವವರಿಗೆ ಕಡ್ಡಾಯ. ಮರುಭೂಮಿಯ ಆ ವೇಗಕ್ಕೆ ಅದು ಸರಿ. ನಮ್ಮ ಮೊದಲ, ಎರಡನೇ ಗೇರಿನ ದಾರಿಗೆ ಆ ದುಡ್ಡಿನಲ್ಲಿ ಬೂಟು ತಗೊಂಡು, ಮಿಕ್ಕಿದ್ದರಲ್ಲಿ ಎರಡು ದಿನ ತರಬೇತಿಗೆ ಹೋಗಿ. 2015ರಲ್ಲಿ ಡಕಾರ್ ಮುಗಿಸಿದ ಮೊದಲ ಭಾರತೀಯ, ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ ಕೋಲಾರದ ಹತ್ತಿರ ಬಿಗ್ ರಾಕ್ ಡರ್ಟ್‌ಪಾರ್ಕ್ ಶುರು ಮಾಡಿದ್ದೂ ಮಣ್ಣಿನಲ್ಲಿ ಓಡಿಸುವುದನ್ನು ಕಲಿಸಲಿಕ್ಕೇ.

ಕ್ವಾಡಿನ ಅಪಾಯ ಬೇರೆ ತರಹದ್ದು. ಅದು ಮಗುಚುತ್ತದೆ, ಮಗುಚಿ ಓಡಿಸುವವನ ಮೇಲೆಯೇ ಕೂರುತ್ತದೆ. ಆಸ್ಟ್ರೇಲಿಯಾದಲ್ಲಿ 2021ರ ಅಕ್ಟೋಬರ್‌ನಿಂದ ಕೃಷಿಗೆ ಬಳಸುವಂಥ ಹೊಸ ಕ್ವಾಡುಗಳನ್ನು ರಕ್ಷಣೆಯ ಕಮಾನು ಇಲ್ಲದೆ ಮಾರುವಂತಿಲ್ಲ. ಸೀಟಿನ ಹಿಂದೆ ನಿಲ್ಲುವ ಗಟ್ಟಿ ಚೌಕಟ್ಟು ಅದು. ಗಾಡಿ ಉರುಳಿದರೂ ಕೆಳಗೆ ಮನುಷ್ಯನಿಗೆ ಸ್ವಲ್ಪ ಜಾಗ ಉಳಿಸುತ್ತದೆ. ನಮ್ಮ ತೋಟಗಳ ಇಳಿಜಾರೇನು ಕಡಿಮೆಯೇ? ಇದನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಬೇಡಿ. ಪರೀಕ್ಷೆ ಆಗಿರುವುದನ್ನೇ ತರಿಸಿ. ನಾನು ತರಿಸಿ ಹಾಕಿಸಿದ ಮೇಲೇ ತೋಟದ ಕೆಲಸ, ಲೆಕ್ಕ ನೋಡುವ ರೈಟರ ಕೈಗೆ ಗಾಡಿ ಕೊಟ್ಟಿದ್ದು.

ಕ್ವಾಡಿನಲ್ಲಿ ಹಳ್ಳ ದಾಟುವವರು ಬೆಲ್ಟಿನ ಡಬ್ಬಿಯ ಬಗ್ಗೆ ತಿಳಿದಿರಬೇಕು. ಎಂಜಿನ್ನಿನ ಬಲವನ್ನು ಚಕ್ರಕ್ಕೆ ದಾಟಿಸುವ ಬೆಲ್ಟು ಇರುವುದು ಅದರಲ್ಲೇ. ಒಳಗೆ ನೀರು ಹೋದರೆ ಎಂಜಿನ್ ಕೂಗುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಡಬ್ಬಿಯ ಅಡಿಯ ಡ್ರೈನ್ ಪ್ಲಗ್ ಬಿಚ್ಚಿ ನೀರು ಇಳಿಸಿ, ನ್ಯೂಟ್ರಲ್‌ನಲ್ಲಿ ಎಂಜಿನ್ ಏರಿಸಿ ಇಳಿಸಿ ಒಣಗಿಸಿಕೊಳ್ಳಬೇಕು. ಆ ಪ್ಲಗ್ಗಿಗೆ ಸರಿಹೊಂದುವ ಸಾಧನ ಟೂಲ್‌ಕಿಟ್ಟಿನಲ್ಲಿ ಇದೆಯೇ ಅಂತ ಇವತ್ತೇ ನೋಡಿ.

ಕಣಿವೆಗೆ ಇಳಿದರೆ ಫೋನು ಸತ್ತಂತೆ. ವಿದೇಶದಲ್ಲಿ ಇದಕ್ಕೆ ಸ್ಯಾಟಲೈಟ್ ಮೆಸೇಜ್ ಸಾಧನ ಒಯ್ಯುತ್ತಾರೆ. ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದು ಅಪರಾಧ. ಅಮೆರಿಕದಲ್ಲಿರುವ ನೆಂಟರು ತಂದುಕೊಡುತ್ತೇವೆ ಅಂದರೂ ಬೇಡ ಅನ್ನಿ. ನನ್ನ ಹತ್ತಿರ ಇರುವುದು ಕೊರಳಿಗೆ ಹಾಕಿದ ಸೀಟಿ, ಫೋನಿನಲ್ಲಿ ಇಳಿಸಿಕೊಂಡ ಆಫ್‌ಲೈನ್ ನಕ್ಷೆ, ಮನೆಯಲ್ಲಿ ಬರೆದಿಟ್ಟ ದಾರಿ ಮತ್ತು ವಾಪಸ್ ಬರುವ ಹೊತ್ತು. ನಿಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕರೆ 112ಕ್ಕೆ ಕರೆ ಹೋಗುತ್ತದೆ. ಹೊರಡುವ ಮುಂಚೆ ಆನೆ ಎಲ್ಲಿವೆ ಅಂತ ಅರಣ್ಯ ಇಲಾಖೆಯ ಮೆಸೇಜು ನೋಡದೆ ನಾನು ಗೇಟು ದಾಟುವುದಿಲ್ಲ. ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ಗಾಡಿ ನುಗ್ಗಿಸುವ ಮಾತೇ ಬೇಡ. ಬೇರೆಯವರ ತೋಟಕ್ಕೂ ಕೇಳಿಯೇ ಹೋಗಬೇಕು. ಕೇಳಿದರೆ ಯಾವ ದಾರಿಗೆ ಅಡ್ಡ ಮುಳ್ಳುತಂತಿ ಕಟ್ಟಿದ್ದಾರೆ ಅಂತ ಅವರೇ ಹೇಳುತ್ತಾರೆ. ತುಕ್ಕು ಹಿಡಿದ ಒಂಟಿ ತಂತಿ ಕಾಫಿ ಗಿಡಗಳ ನಡುವೆ ಕಾಣುವುದಿಲ್ಲ, ಅದು ಇರುವುದು ಸರಿಯಾಗಿ ಎದೆ, ಕೊರಳಿನ ಮಟ್ಟದಲ್ಲಿ. ದಾರಿಗೆ ಅಡ್ಡ ಗಳ ಹಾಕುವ ಹಳೇ ಉಣುಗೋಲು ಎಷ್ಟೋ ವಾಸಿ, ದೂರದಿಂದಲೇ ಕಾಣುತ್ತಿತ್ತು. ನಮ್ಮ ಗಡಿಯ ತಂತಿಗಳಿಗೆ ಬಿಳಿ ಚೀಲದ ತುಂಡು ಕಟ್ಟಿಸಿದ್ದೇನೆ. ನೀವೂ ಕಟ್ಟಿಸಿ.

ಮನೆಗೆ ಬಂದ ಮೇಲೆ ವಿಂಚಿನ ಹಗ್ಗವನ್ನು ಪೂರ್ತಿ ಹೊರಗೆಳೆದು ನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ ಸುತ್ತಿ. ಎಳೆಗಳ ನಡುವೆ ಕೂತ ಮರಳು ಒಳಗಿಂದಲೇ ಹಗ್ಗವನ್ನು ತಿನ್ನುತ್ತದೆ. ಬೂಟಿನೊಳಗೆ ಹಳೇ ಪೇಪರ್ ತುರುಕಿಡಿ, ರಾತ್ರಿ ಒಮ್ಮೆ ಬದಲಾಯಿಸಿ. ಬಚ್ಚಲ ಒಲೆಯ ಮುಂದೆ ಮಾತ್ರ ಇಡಬೇಡಿ, ಬಿಸಿಗೆ ಅಟ್ಟೆಯ ಅಂಟು ಬಿಡುತ್ತದೆ.