ಪತ್ರಿಕೋದ್ಯಮ ಎಂ.ಎ.ಗೆ ಎಷ್ಟು ಸಾಲ ತಾಳುತ್ತದೆ? ನಾನು ಹಾಕಿದ ಲೆಕ್ಕ

ಪತ್ರಿಕೋದ್ಯಮ ಮತ್ತು ಸಮೂಹ ಸಂವಹನದಲ್ಲಿ ಎಂ.ಎ. ಮಾಡಬೇಕು ಅನ್ನುವುದರಲ್ಲಿ ನನಗೆ ಅನುಮಾನ ಇರಲಿಲ್ಲ. ಎಲ್ಲಿ ಮಾಡುವುದು, ಎಷ್ಟು ಸಾಲ ಮಾಡುವುದು ಅನ್ನುವುದಷ್ಟೇ ಪ್ರಶ್ನೆ. 2015ರಲ್ಲಿ ನನ್ನೆದುರು ಎರಡು ದಾರಿ ಇದ್ದವು. ಒಂದು, ಬೆಂಗಳೂರಿನ ಖಾಸಗಿ ಕಾಲೇಜು. ಶುಲ್ಕ, ಪಿಜಿ ಬಾಡಿಗೆ, ಊಟ ಎಲ್ಲ ಸೇರಿ ವರ್ಷಕ್ಕೆ ಎರಡು ಲಕ್ಷದಂತೆ ನಾಲ್ಕು ಲಕ್ಷ. ಇನ್ನೊಂದು, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ. ಹಾಸ್ಟೆಲ್ ಇತ್ತು, ನಮ್ಮ ಹೊನ್ನಾಳಿಗೆ ಹತ್ತಿರ, ಶುಲ್ಕವೂ ಕಡಿಮೆ.

ಅಪ್ಪಾಜಿ ಬೆಂಗಳೂರಿನ ಪರ. "ನೋಡು ಮಗಾ, ಅಲ್ಲಿ ಓದಿದ್ರೆ ಅಲ್ಲೇ ಕೆಲಸ ಸಿಗ್ತದೆ. ತೋಟ ಇದೆ, ಸಾಲಕ್ಕೆ ಹೆದರಬೇಡ" ಅಂದರು. ಆ ಕಾಲೇಜಿನ ಪುಸ್ತಿಕೆಯಲ್ಲಿ ವರ್ಷಕ್ಕೆ ಆರು ಲಕ್ಷದ ಕೆಲಸದ ಮಾತಿತ್ತು. ಅದನ್ನು ನಂಬುವ ಮೊದಲು ಎರಡೂ ಕಡೆ ಓದಿ ಹೊರಬಂದ ಹಿರಿಯರ ನಂಬರ್ ಹುಡುಕಿ ಫೋನ್ ಮಾಡಿದೆ. ಕೇಳಿದ್ದು ಮೂರೇ ಪ್ರಶ್ನೆ. ಮೊದಲ ಕೆಲಸದಲ್ಲಿ ಕೈಗೆ ಬಂದ ಸಂಬಳ ಎಷ್ಟು? ಇಂಟರ್ನ್‌ಶಿಪ್‌ನಲ್ಲಿ ದುಡ್ಡು ಕೊಟ್ಟರಾ? ಮೂರು ವರ್ಷ ಆದಮೇಲೂ ಮಾಧ್ಯಮದಲ್ಲೇ ಇದ್ದೀರಾ?

ಮೂರನೆಯ ಪ್ರಶ್ನೆಯೇ ಹೆಚ್ಚು ಕಲಿಸಿತು. ಆರು ಲಕ್ಷದ ಕೆಲಸ ಸಿಕ್ಕವರು ಜಾಹೀರಾತು ಮತ್ತು ಕಾರ್ಪೊರೇಟ್ ಪಿಆರ್ (ಕಂಪನಿಗಳ ಸಾರ್ವಜನಿಕ ಸಂಪರ್ಕ) ಕಡೆ ಹೋದವರು, ಬಹುಪಾಲು ಇಂಗ್ಲಿಷ್‌ನಲ್ಲಿ ಬರೆಯುವವರು. ಕನ್ನಡ ಪತ್ರಿಕೆ, ಚಾನೆಲ್‌ಗಳಲ್ಲಿ ಸುದ್ದಿ ತಿದ್ದಿ ಸಿದ್ಧಪಡಿಸುವ ಡೆಸ್ಕಿಗೆ ಹೋದವರಿಗೆ ಯಾವ ಕಾಲೇಜಾದರೂ ಆರಂಭದ ಸಂಬಳ ಹೆಚ್ಚುಕಡಿಮೆ ಒಂದೇ. ನಾನು ಹೋಗಬೇಕೆಂದಿದ್ದದ್ದು ಆ ಡೆಸ್ಕಿಗೇ. ಹಾಗಾದರೆ ಹೆಚ್ಚು ಕೊಡುವ ಮೂರು ಲಕ್ಷ ಯಾವುದಕ್ಕೆ?

ಆಮೇಲೆ ಕಂತಿನ ಲೆಕ್ಕ ಹಾಕಿದೆ. ಶಿಕ್ಷಣ ಸಾಲದ ಬಗ್ಗೆ ನಮ್ಮ ಕಡೆ ಒಂದು ತಪ್ಪು ತಿಳಿವಳಿಕೆ ಇದೆ: ಓದು ಮುಗಿಯುವವರೆಗೆ ಬಡ್ಡಿ ಇಲ್ಲ ಅಂತ. ಇಲ್ಲದಿರುವುದು ಕಂತು ಮಾತ್ರ. ಕೋರ್ಸಿನ ಅವಧಿ ಮತ್ತು ಆಮೇಲಿನ ಒಂದು ವರ್ಷ ಕಂತು ಕಟ್ಟಬೇಕಿಲ್ಲ, ಆದರೆ ಸರಳ ಬಡ್ಡಿ ಸೇರುತ್ತಲೇ ಇರುತ್ತದೆ. ಕೇಂದ್ರದ ಬಡ್ಡಿ ಸಹಾಯಧನ ಇತ್ತು, ವರ್ಷಕ್ಕೆ 4.5 ಲಕ್ಷದೊಳಗೆ ಆದಾಯ ಇರುವ ಕುಟುಂಬಗಳಿಗೆ, ಅದೂ ವೃತ್ತಿಪರ ಮತ್ತು ತಾಂತ್ರಿಕ ಕೋರ್ಸುಗಳಿಗೆ. ನಿಮ್ಮ ಎಂ.ಎ.ಗೆ ಅದು ಅನ್ವಯಿಸುವುದಿಲ್ಲ ಅಂತ ಶಾಖೆಯಲ್ಲಿ ಹೇಳಿದರು.

ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದು ಹೀಗೆ. ಬಡ್ಡಿ 10.5%. ಮೊದಲ ವರ್ಷದ ಎರಡು ಲಕ್ಷಕ್ಕೆ ಮೂರು ವರ್ಷದಲ್ಲಿ 63,000 ಬಡ್ಡಿ, ಎರಡನೇ ವರ್ಷದ ಎರಡು ಲಕ್ಷಕ್ಕೆ ಎರಡು ವರ್ಷದಲ್ಲಿ 42,000. ಕಂತು ಶುರುವಾಗುವ ದಿನಕ್ಕೆ ಸಾಲ 5,05,000 ಆಗಿರುತ್ತದೆ. ಏಳು ವರ್ಷದಲ್ಲಿ ತೀರಿಸಬೇಕೆಂದರೆ ತಿಂಗಳಿಗೆ ಸುಮಾರು 8,500. ಒಟ್ಟು ಕಟ್ಟುವುದು ಏಳು ಲಕ್ಷ ದಾಟುತ್ತದೆ. ಓದುವಾಗಲೇ ಬಡ್ಡಿ ಕಟ್ಟಿಕೊಂಡು ಬಂದರೆ ಅಸಲು ನಾಲ್ಕು ಲಕ್ಷದಲ್ಲೇ ನಿಲ್ಲುತ್ತದೆ, ಕಂತು 6,750ರ ಆಸುಪಾಸಿಗೆ ಇಳಿಯುತ್ತದೆ. ಹಾಗೆ ಕಟ್ಟುವವರಿಗೆ ಬಡ್ಡಿ ದರದಲ್ಲಿ ಒಂದು ಶೇಕಡದವರೆಗೆ ರಿಯಾಯಿತಿ ಕೊಡುವ ಬ್ಯಾಂಕುಗಳೂ ಇವೆ, ಕೇಳಬೇಕು.

ಇದರ ಪಕ್ಕದಲ್ಲೇ ಹಿರಿಯರು ಹೇಳಿದ ಸಂಬಳ ಬರೆದೆ: ಕೈಗೆ 15,000. ವಿಜಯನಗರದಲ್ಲಿ ಊಟ ಸಮೇತ ಪಿಜಿ 6,000. ಬಿಎಂಟಿಸಿ ಪಾಸ್ 1,050. ಫೋನು, ಚಹಾ, ಔಷಧಿ, ಊರಿಗೆ ಹೋಗಿಬರುವುದು ಎಲ್ಲ ಸೇರಿ ಎರಡು ಸಾವಿರ. ಮನೆಗೆ ಎರಡು ಸಾವಿರ. ಉಳಿಯುವುದು ನಾಲ್ಕು ಸಾವಿರಕ್ಕಿಂತ ಸ್ವಲ್ಪ ಕಡಿಮೆ. 8,500 ಎಲ್ಲಿಂದ ತರುವುದು? ಆ ಪುಟವನ್ನು ಅಪ್ಪಾಜಿ ಮುಂದೆ ಇಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಕೂಡಿಸಿ ನೋಡಿದರು. "ಶಂಕರಘಟ್ಟಕ್ಕೇ ಅರ್ಜಿ ಹಾಕು" ಅಂದರು.

ಅಲ್ಲಿಗೂ ಸ್ವಲ್ಪ ಸಾಲ ಬೇಕಾಯಿತು. ಲ್ಯಾಪ್‌ಟಾಪ್, ಹಾಸ್ಟೆಲ್, ಶುಲ್ಕ ಎಲ್ಲ ಸೇರಿ 1,20,000. ಕೋರ್ಸಿಗೆ ಬೇಕಾದ ಲ್ಯಾಪ್‌ಟಾಪನ್ನೂ ಶಿಕ್ಷಣ ಸಾಲದಲ್ಲೇ ಸೇರಿಸಬಹುದು, ಅದಕ್ಕೆ ಬೇರೆ ಕೈಸಾಲ ಬೇಡ. ಮೊದಲು ಹೋದ ಬ್ಯಾಂಕಿನಲ್ಲಿ ತೋಟದ ಪಹಣಿ ತನ್ನಿ ಅಂದರು. ನಾಲ್ಕು ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿ ಅಡಮಾನ ಕೇಳಬಾರದು ಅನ್ನುವುದು ರಿಸರ್ವ್ ಬ್ಯಾಂಕಿನ ನಿಯಮ. ತಂದೆ ಅಥವಾ ತಾಯಿ ಜೊತೆಗೆ ಸಹಿ ಹಾಕಿದರೆ ಸಾಕು. ವಾದ ಮಾಡುತ್ತ ಕೂರದೆ ಇನ್ನೊಂದು ಶಾಖೆಗೆ ಹೋದೆವು. ಅಲ್ಲಿನ ಅಧಿಕಾರಿ, "ಪಹಣಿ ಎಲ್ಲ ಬೇಡಮ್ಮ, ಅಂಕಪಟ್ಟಿ, ಪ್ರವೇಶ ಪತ್ರ, ಶುಲ್ಕದ ವಿವರ ಕೊಡಿ" ಅಂದರು. ಆದಾಯ ತೆರಿಗೆಯ 80ಇ ವಿನಾಯಿತಿಯನ್ನೂ ವಿವರಿಸಿದರು. ಕಟ್ಟಿದ ಬಡ್ಡಿಯನ್ನು ಎಂಟು ವರ್ಷದವರೆಗೆ ಆದಾಯದಿಂದ ಕಳೆಯಬಹುದಿತ್ತು ನಿಜ, ಆದರೆ ತಿಂಗಳಿಗೆ 15,000 ದುಡಿಯುವವರಿಗೆ ತೆರಿಗೆಯೇ ಬರುತ್ತಿರಲಿಲ್ಲ. ಆ ಲಾಭವನ್ನು ನಾನು ಲೆಕ್ಕಕ್ಕೆ ಹಿಡಿಯಲೇ ಇಲ್ಲ.

ಓದುವಾಗಲೇ ಬಡ್ಡಿ ಕಟ್ಟಿದೆ. ಎರಡನೇ ವರ್ಷ ಅದು ತಿಂಗಳಿಗೆ 1,050. ಶಿವಮೊಗ್ಗದ ಸ್ಥಳೀಯ ಪತ್ರಿಕೆಯೊಂದಕ್ಕೆ ವಾರದ ಕೊನೆಯಲ್ಲಿ ಕರಡು ತಿದ್ದಿಕೊಟ್ಟು ಆ ದುಡ್ಡು ಹೊಂದಿಸಿದೆ. ಬಡ್ಡಿ ಉಳಿದಿದ್ದಕ್ಕಿಂತ ಆ ಕೆಲಸ ಕಲಿಸಿದ್ದು ದೊಡ್ಡದು. ನುಡಿ ತಂತ್ರಾಂಶದಲ್ಲಿ ವೇಗವಾಗಿ ಟೈಪ್ ಮಾಡುವುದು, ಶೀರ್ಷಿಕೆಯನ್ನು ಜಾಗಕ್ಕೆ ತಕ್ಕಂತೆ ಇಳಿಸುವುದು, ಹೆಸರುಗಳನ್ನು ಮತ್ತೆ ಮತ್ತೆ ನೋಡುವುದು ಎಲ್ಲ ಅಲ್ಲೇ ರೂಢಿಯಾಯಿತು.

2017ರಲ್ಲಿ ಬೆಂಗಳೂರಿನ ಚಾನೆಲ್ ಒಂದರಲ್ಲಿ ಸಂದರ್ಶನ. ಅಂಕಪಟ್ಟಿಯನ್ನು ಯಾರೂ ತೆರೆದು ನೋಡಲಿಲ್ಲ. ಏಜೆನ್ಸಿಯ ಇಂಗ್ಲಿಷ್ ಸುದ್ದಿ ಕೈಗಿಟ್ಟು, ಇಪ್ಪತ್ತು ನಿಮಿಷದಲ್ಲಿ ಕನ್ನಡ ಮಾಡಿ, ಜೊತೆಗೆ ಮೂರು ಟಿಕ್ಕರ್ (ಪರದೆಯ ಕೆಳಗೆ ಓಡುವ ಸುದ್ದಿ ಸಾಲು) ಬರೆಯಿರಿ ಅಂದರು. ಬರೆದೆ, ಕೆಲಸ ಸಿಕ್ಕಿತು, ಸಂಬಳ ಹಿರಿಯರು ಹೇಳಿದಷ್ಟೇ. ಅಂದರೆ ಆ ಕುರ್ಚಿಗೆ ಎಂ.ಎ. ಕಡ್ಡಾಯವಾಗಿರಲಿಲ್ಲ. ಇದನ್ನು ಸಾಲ ಮಾಡುವ ಮೊದಲೇ ತಿಳಿದಿರಬೇಕು.

ಹಾಗಂತ ಓದು ದಂಡವಲ್ಲ. ಒಂದು ರಾತ್ರಿ ಪಾಳಿಯಲ್ಲಿ ಮಗುವಿನ ಮೇಲಿನ ದೌರ್ಜನ್ಯದ ಸುದ್ದಿ ಬಂತು. ವರದಿಗಾರರು ಶಾಲೆಯ ಹೆಸರು, ಬೀದಿಯ ಹೆಸರು ಎಲ್ಲ ಬರೆದಿದ್ದರು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 23ನೇ ಕಲಂ ಪ್ರಕಾರ ಮಗುವಿನ ಗುರುತು ಸಿಗುವ ಯಾವ ವಿವರವೂ ಹೊರಗೆ ಹೋಗುವಂತಿಲ್ಲ. ಮಾಧ್ಯಮ ಕಾನೂನಿನ ತರಗತಿಯಲ್ಲಿ ಓದಿದ್ದು ನೆನಪಾಗಿ, ಸುದ್ದಿ ಪ್ರಸಾರಕ್ಕೆ ಹೋಗುವ ಮೊದಲು ಎಲ್ಲ ತೆಗೆಸಿದೆ. ಸಂಬಳದ ಚೀಟಿಯಲ್ಲಿ ಇದು ಕಾಣುವುದಿಲ್ಲ. ನನ್ನ ಮಟ್ಟಿಗೆ ಆ ಎರಡು ವರ್ಷದ ಓದಿನ ಬೆಲೆ ಇಂಥಲ್ಲೇ ಇದೆ. ಹಣದ ಲೆಕ್ಕದಲ್ಲೂ ಎಂ.ಎ. ಇನ್ನೊಂದು ಬಾಗಿಲು ತೆರೆದಿಡುತ್ತದೆ: 55% ಅಂಕ ಇದ್ದರೆ (ಮೀಸಲಾತಿ ಇರುವವರಿಗೆ 50%) ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್, ಕೆ-ಸೆಟ್ ಬರೆದು ಪಾಠ ಮಾಡುವ ಕಡೆ ಹೋಗಬಹುದು.

2018ರಲ್ಲಿ ಕಂತು ಶುರುವಾಯಿತು. ಐದು ವರ್ಷಕ್ಕೆ ತಿಂಗಳಿಗೆ 2,580. ಸಂಬಳ ತಡವಾದ ತಿಂಗಳಲ್ಲೂ ತಪ್ಪಲಿಲ್ಲ. 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಮುಂದೂಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಾಗ ನನ್ನ ಸಂಬಳವೂ ಕಡಿತವಾಗಿತ್ತು. ಆದರೂ ಮುಂದೂಡಲಿಲ್ಲ, ಆ ಆರು ತಿಂಗಳೂ ಬಡ್ಡಿ ಓಡುತ್ತಿತ್ತು. 2,580 ಆದ್ದರಿಂದ ಕಟ್ಟಲು ಆಯಿತು, 8,500 ಆಗಿದ್ದರೆ ಮುಂದೂಡುವುದು ಬಿಟ್ಟು ಬೇರೆ ದಾರಿ ಇರುತ್ತಿರಲಿಲ್ಲ. ಬೆಂಗಳೂರಿನಲ್ಲಿ ಓದಿದ ಗೆಳತಿಯೊಬ್ಬಳು ಮುಂದೂಡಿದಳು. 2022ರ ಮೇನಿಂದ 2023ರ ಫೆಬ್ರುವರಿಯೊಳಗೆ ರೆಪೊ ದರ (ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ) 4%ನಿಂದ 6.5%ಗೆ ಏರಿತು. ಅದರ ಜೊತೆ ಅವಳ ಸಾಲದ ಬಡ್ಡಿಯೂ ಏರಿತು. ಕಂತು ಅಷ್ಟೇ ಇತ್ತು, ಅವಧಿ ಮಾತ್ರ ಬೆಳೆಯಿತು. ಅವಳು ಸುದ್ದಿಮನೆಯ ಕೆಲಸವನ್ನು ಪ್ರೀತಿಸುತ್ತಿದ್ದಳು, ಕಂತಿಗಾಗಿಯೇ ಬಿಟ್ಟು ಪಿಆರ್ ಸೇರಿದಳು. ಇದು ನನಗೆ ಇವತ್ತಿಗೂ ನೋವಿನ ಸಂಗತಿ.

ನನ್ನ ಸಂಬಳ ನಿಜವಾಗಿ ಏರಿದ್ದು ಡಿಜಿಟಲ್ ಕಡೆ ಹೋಗಿ, ಆಮೇಲೆ ಆ್ಯಪ್‌ಗಳ ಕನ್ನಡ ಬರೆಯುವ ಕೆಲಸಕ್ಕೆ ಸೇರಿದ ಮೇಲೆ. ಸಾಲ ಸಣ್ಣದಿದ್ದುದರಿಂದಲೇ ಅಲ್ಲಿಯವರೆಗೆ ಡೆಸ್ಕಿನಲ್ಲಿ ನಿಂತು ಕಲಿಯಲು ಆಯಿತು.

ಕಳೆದ ಬೇಸಿಗೆ ಅತ್ತೆ ಮಗ ಇದೇ ಕೋರ್ಸಿನ ಬಗ್ಗೆ ಕೇಳಿದ. "ಅಕ್ಕಾ, ಎಷ್ಟು ಸಾಲ ಮಾಡಬಹುದು?" ಅಂದ. ಅವನು ಸೇರಬೇಕೆಂದಿರುವ ಕಡೆಯ ಮೊದಲ ವರ್ಷದ ಸಂಬಳ ಕೇಳಿಕೊಂಡು ಬಾ ಅಂದೆ. ಅದರಲ್ಲಿ ಬಾಡಿಗೆ, ಊಟ, ಬಸ್ಸು, ಮನೆಗೆ ಕಳಿಸುವುದು ಕಳೆದು, ಉಳಿದದ್ದರ ಮುಕ್ಕಾಲು ಪಾಲಿಗಿಂತ ಕಂತು ಹೆಚ್ಚಾಗಬಾರದು ಅಂತ ಹೇಳಿದೆ. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಶುಲ್ಕ ವಿನಾಯಿತಿಗೆ ಅರ್ಜಿ ಹಾಕಲು, ಸರ್ಕಾರಿ ಹಾಸ್ಟೆಲ್ ಸಿಗದಿದ್ದರೆ ಹಿಂದುಳಿದ ವರ್ಗದವರಿಗೆ ಊಟ, ವಸತಿಗೆ ತಿಂಗಳ ಲೆಕ್ಕದಲ್ಲಿ ಬರುವ ವಿದ್ಯಾಸಿರಿ ನೆರವು ನೋಡಲು ಹೇಳಿದೆ. ಅಷ್ಟನ್ನು ಕಳೆದ ಮೇಲೆ ಬೇಕಾಗುವಷ್ಟಕ್ಕೆ ಮಾತ್ರ ಬ್ಯಾಂಕಿಗೆ ಹೋಗು ಅಂದೆ. ಕೊನೆಯ ಕಂತಾದ ಮೇಲೆ ಬಾಕಿ ಇಲ್ಲ ಅನ್ನುವ ನೋ ಡ್ಯೂಸ್ ಪತ್ರ ಬರೆಸಿಕೊಂಡು, ಒಂದೆರಡು ತಿಂಗಳ ನಂತರ ನಮ್ಮ ಸಾಲಗಳ ದಾಖಲೆ ಇರುವ ಸಿಬಿಲ್ ವರದಿಯಲ್ಲಿ ಸಾಲ ಮುಗಿದಿದೆ ಅಂತ ಬಂದಿದೆಯಾ ಎಂದು ಅವನೂ ಅವನ ಅಪ್ಪನೂ ಇಬ್ಬರೂ ನೋಡಬೇಕು. ಸಹಿ ಇಬ್ಬರದೂ ಇರುತ್ತದೆ.