ಮಡ್ಡಿಯ ಬೆನ್ನು, ಭೀಮೆಯ ದಂಡೆ: ಜತ್ತದಿಂದ ಕೂಡಲದವರೆಗಿನ ನನ್ನ ಸೈಕಲ್ ದಾರಿಗಳು

ಜತ್ತ ತಾಲ್ಲೂಕಿನಲ್ಲಿ ಗದ್ದಲವಿಲ್ಲದ ಸೈಕಲ್ ದಾರಿ ಬೇಕೆನ್ನುವವರು ನಕಾಶೆಯನ್ನು ಬಿಡಿಸಿದ ಕೂಡಲೇ ಊರುಗಳಿಗಿಂತ ಮೊದಲು ಹಳ್ಳಗಳನ್ನು ಗುರುತು ಹಾಕಿಕೊಳ್ಳಬೇಕು. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಪೂರ್ವದ ತುದಿಯಲ್ಲಿರುವ ಈ ತಾಲ್ಲೂಕು ಭೀಮೆ ಮತ್ತು ಕೃಷ್ಣೆಯರ ನಡುವಿನ ಏರು ನೆಲ. ಸಂಖದ ಕಡೆಯ ಬೋರ ನದಿ ಭೀಮೆಯತ್ತ ಸಾಗುತ್ತದೆ. ಡೋಣಿ ಇದೇ ತಾಲ್ಲೂಕಿನಲ್ಲಿ ಹುಟ್ಟಿ ವಿಜಯಪುರ ಜಿಲ್ಲೆಗೆ ಇಳಿದು ಕೊನೆಗೆ ಕೃಷ್ಣೆಯನ್ನು ಸೇರುತ್ತದೆ. ‘ಡೋಣಿ ಬೆಳೆದರೆ ಓಣಿಯೆಲ್ಲ ಕಾಳು’ ಎಂದು ವಿಜಯಪುರದವರು ಕೊಂಡಾಡುವ ಆ ನದಿ ನಮ್ಮಲ್ಲಿ, ಬೇಸಿಗೆಯಲ್ಲಿ ದಾಟಿದ್ದೇ ಗೊತ್ತಾಗದಷ್ಟು ಸಣ್ಣ ಹಳ್ಳ. ಈ ನೀರುಗಳನ್ನು ಬೇರೆ ಮಾಡುವ ಮಡ್ಡಿಯ (ಎತ್ತರದ ಕಲ್ಲುನೆಲದ) ಬೆನ್ನು ಹಿಡಿದು ಹೋಗುವ ರಸ್ತೆಗಳಲ್ಲಿ ಏರಿಳಿತವೂ ಕಡಿಮೆ, ವಾಹನಗಳೂ ಕಡಿಮೆ. ಏಕೆಂದರೆ ದೊಡ್ಡ ಊರುಗಳೆಲ್ಲ ಬಾವಿಗೆ ನೀರು ಸಿಗುವ ತಗ್ಗನ್ನು ಹುಡುಕಿಕೊಂಡು ನೆಲೆಸಿವೆ. ಹಳ್ಳಗಳನ್ನು ಅಡ್ಡಲಾಗಿ ಕತ್ತರಿಸುವ ದಾರಿಯನ್ನು ಆರಿಸಿಕೊಂಡರೆ ಅಷ್ಟೇ ದೂರಕ್ಕೆ ಎರಡು ಪಟ್ಟು ದಣಿವಾಗುತ್ತದೆ.

ನೆಲದ ಈ ರೂಪಕ್ಕೆ ಕಾರಣ ಲಾವಾ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಮೇಲಿಂದ ಮೇಲೆ ಉಕ್ಕಿ ಹರಿದ ಲಾವಾ ಪದರುಪದರಾಗಿ ಹೆಪ್ಪುಗಟ್ಟಿ ದಖ್ಖನದ ಕರಿಕಲ್ಲಿನ ಪ್ರಸ್ಥಭೂಮಿಯಾಯಿತು. ಎಲ್ಲ ಪದರುಗಳ ಗಟ್ಟಿತನ ಒಂದೇ ಅಲ್ಲ. ಗಟ್ಟಿ ಕಲ್ಲು ಕಡಿದಾದ ಅಂಚಾಗಿ ಉಳಿಯುತ್ತದೆ. ಗಾಳಿಗುಳ್ಳೆಗಳಿಂದ ತೂತುಬಿದ್ದ ಕಲ್ಲು ಬೇಗ ಸವೆದು ಬಯಲಾಗುತ್ತದೆ. ಹಾಗಾಗಿ ನಮ್ಮ ಗುಡ್ಡಗಳ ನೆತ್ತಿ ಚಪ್ಪಟೆಯಾಗಿದ್ದು, ಪಕ್ಕಗಳು ಹಳೆಯ ಬಾವಿಯ ಮೆಟ್ಟಿಲುಗಳಂತೆ ಕಾಣುತ್ತವೆ. ಸೈಕಲ್ ತುಳಿಯುವವನಿಗೆ ಇದರ ಅರ್ಥ ಇಷ್ಟೇ: ಏರು ಉದ್ದವಿಲ್ಲ, ಆದರೆ ಇದ್ದಷ್ಟು ದೂರ ಕಡಿದಾಗಿದೆ, ಅದಾದ ಮೇಲೆ ಉಸಿರು ಬಿಡಲು ಒಂದು ಸಮತಟ್ಟು ಸಿಗುತ್ತದೆ. ಘಟ್ಟದ ರಸ್ತೆಯಲ್ಲಿ ನಡೆಯುವಂತೆ ಒಂದೇ ಲಯದಲ್ಲಿ ಏರುತ್ತಾ ಹೋಗುವುದು ಇಲ್ಲಿ ಸಾಧ್ಯವಿಲ್ಲ. ಈ ಕಾರಣಕ್ಕೆ ನಾನು ಮುಂದೆ 34 ಹಲ್ಲಿನ, ಹಿಂದೆಯೂ 34 ಹಲ್ಲಿನ ಗಾಲಿ ಇರುವ ಹಗುರ ಗೇರನ್ನು ಹಾಕಿಸಿಕೊಂಡಿದ್ದೇನೆ. ರಸ್ತೆಗಾಗಿ ಗುಡ್ಡ ಕಡಿದ ಕಡೆ ಇಳಿದು ನೋಡಿದರೆ ಎರಡು ಕರಿ ಪದರುಗಳ ನಡುವೆ ಇಟ್ಟಿಗೆ ಬಣ್ಣದ ಮಣ್ಣಿನ ಗೆರೆ ಕಾಣಿಸುವುದುಂಟು: ಒಂದು ಲಾವಾ ಹರಿದು ನಿಂತ ಮೇಲೆ, ಮುಂದಿನದು ಬರುವವರೆಗೆ, ಬಿಸಿಲುಮಳೆಗೆ ಕಳಿತ ನೆಲ ಅದು. ಅದರ ಪಕ್ಕದ ಕಲ್ಲಿನ ತೂತುಗಳಲ್ಲಿ ಬಿಳಿಯ ಹರಳುಗಳು ಸಿಗುತ್ತವೆ. ಬಾವಿ ತೋಡುವವರು ಅವನ್ನು ಗಾಜಿನ ಕಲ್ಲೆಂದು ಎಸೆಯುತ್ತಾರೆ. ಭೂವಿಜ್ಞಾನಿಗಳು ಜಿಯೊಲೈಟ್ ಎನ್ನುತ್ತಾರೆ.

ನಾನು ಹೆಚ್ಚಾಗಿ ಹಿಡಿಯುವುದು ಜತ್ತದಿಂದ ಮುಚ್ಚಂಡಿ, ದರಿಬಡಚಿ ಮಾರ್ಗವಾಗಿ ಗುಡ್ಡಾಪುರ ಮತ್ತು ಸಂಖದತ್ತ ಹೋಗುವ ದಾರಿ. ಗುಹಾಗರ–ವಿಜಯಪುರ ಹೆದ್ದಾರಿಯ ಲಾರಿಗಳ ಸದ್ದು ಹಿಂದೆ ಬಿದ್ದ ಮೇಲೆ ಉಳಿಯುವುದು ದ್ರಾಕ್ಷಿ, ದಾಳಿಂಬೆ ತೋಟಗಳು, ಒಣದ್ರಾಕ್ಷಿ ಒಣಗಿಸುವ ಹಸಿರು ಬಲೆಯ ಶೆಡ್ಡುಗಳು, ನಡುನಡುವೆ ಬೋಳು ಮಡ್ಡಿ ಮತ್ತು ಮಾಡಗ್ಯಾಳ ಕುರಿಗಳು. ಬಾಗಿದ ಮೂಗಿನ, ಎತ್ತರದ ಈ ತಳಿ ನಮ್ಮ ತಾಲ್ಲೂಕಿನ ಮಾಡಗ್ಯಾಳದ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಇಳಿಜಾರಿನಲ್ಲಿ ಹಿಂಡು ಎದುರಾದರೆ ಏನು ಮಾಡಬೇಕೆಂಬುದನ್ನು ನನಗೆ ಕಲಿಸಿದವರು ಒಬ್ಬ ಕುರಿಗಾಹಿ ಅಜ್ಜ: “ಗಂಟಿ ಬಾರಸಬ್ಯಾಡ್ರಿ ಸರ, ಕುರಿ ಚದರ್ತಾವ. ನೀವು ಸುಮ್ನ ನಿಂದರ್ರಿ, ಅವ ದಾರಿ ಬಿಡ್ತಾವ.” ನಿಂತರೆ ನಿಜವಾಗಿಯೂ ಬಿಡುತ್ತವೆ, ಹಿಂಡಿನ ಹಿಂದೆ ಬರುವ ನಾಯಿ ಮಾತ್ರ ಸೈಕಲ್ಲಿನ ಬಗ್ಗೆ ತನ್ನ ಅಭಿಪ್ರಾಯವನ್ನು ಬೇರೆಯಾಗಿಯೇ ಇಟ್ಟುಕೊಂಡಿರುತ್ತದೆ. ರಸ್ತೆಯ ಫಲಕಗಳೆಲ್ಲ ಮರಾಠಿಯಲ್ಲಿದ್ದರೂ ದಾರಿ ಕೇಳಿದರೆ ಉತ್ತರ ಬರುವುದು ಕನ್ನಡದಲ್ಲಿ.

ಗುಡ್ಡಾಪುರದಲ್ಲಿ ದಾನಮ್ಮದೇವಿಯ ಗುಡಿಯಿದೆ, ದಾಸೋಹದ ಊಟವಿದೆ, ಬಾಟಲಿ ತುಂಬಿಕೊಳ್ಳಲು ನೀರಿದೆ. ಅಮಾವಾಸ್ಯೆಯ ದಿನ ಮಾತ್ರ ಈ ದಾರಿಯನ್ನು ಬಿಡಬೇಕು. ಛಟ್ಟಿ ಅಮಾವಾಸ್ಯೆಯ ಜಾತ್ರೆಯ ಹೊತ್ತಿಗಂತೂ ವಿಜಯಪುರ, ಸೋಲಾಪುರಗಳ ಕಡೆಯಿಂದ ನಡೆದುಕೊಂಡೇ ಬರುವ ಭಕ್ತರಿಂದ ರಸ್ತೆ ತುಂಬಿರುತ್ತದೆ.

ಮಡ್ಡಿಯಲ್ಲಿ ಏರಿಗಿಂತ ಹೆಚ್ಚು ಕಾಡುವುದು ಗಾಳಿ. ತಾಲ್ಲೂಕಿನ ಎತ್ತರದ ನೆಲದಲ್ಲಿ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮದ ಗಾಳಿ ಎಷ್ಟು ಬಿಡದೆ ಬೀಸುತ್ತದೆಂದರೆ, ಸಂಖದಿಂದ ಜತ್ತಕ್ಕೆ ಮರಳುವಾಗ ಇಳಿಜಾರಿನಲ್ಲೂ ತುಳಿಯಬೇಕಾಗುತ್ತದೆ. ಆದ್ದರಿಂದ ಆ ತಿಂಗಳುಗಳಲ್ಲಿ ಬೆಳಗಿನ ತಂಪಿನಲ್ಲಿ ಗಾಳಿಗೆ ಎದುರಾಗಿ ಪಶ್ಚಿಮಕ್ಕೆ ಹೋಗಿ, ಬಿಸಿಲೇರಿದ ಮೇಲೆ ಗಾಳಿಯನ್ನು ಬೆನ್ನಿಗಿಟ್ಟುಕೊಂಡು ಬರುತ್ತೇನೆ. ಚಳಿಗಾಲದಲ್ಲಿ ಗಾಳಿ ಪೂರ್ವದ ಕಡೆಯಿಂದ ಬರುವುದರಿಂದ ಲೆಕ್ಕ ತಿರುಗಿ ಬೀಳುತ್ತದೆ.

ಗಾಳಿಯ ನಂತರದ ತೊಂದರೆ ಮುಳ್ಳು. ರಸ್ತೆಯ ಅಂಚಿನಲ್ಲಿ ಎರಡು ಬಗೆಯವು ಕಾದಿರುತ್ತವೆ: ಬೇಲಿಗೆ ಕಡಿದು ಎಳೆದೊಯ್ಯುವಾಗ ಬಿದ್ದ ಜಾಲಿ ಮುಳ್ಳು ಮತ್ತು ನೆಲಕ್ಕೆ ಹಬ್ಬಿ ಬೆಳೆಯುವ ನೆಗ್ಗಿಲು. ಜಾಲಿ ಮುಳ್ಳು ಹೊಕ್ಕರೆ ಗಾಳಿ ಕೂಡಲೇ ಹೋಗುತ್ತದೆ. ನೆಗ್ಗಿಲು ಹಾಗಲ್ಲ, ತುದಿ ಟೈರಿನೊಳಗೆ ಮುರಿದು ಉಳಿದು, ಟ್ಯೂಬಿಗೆ ಪಂಕ್ಚರ್ ಹಾಕಿದ ಮೇಲೂ ಅದೇ ಜಾಗದಲ್ಲಿ ಮತ್ತೆ ಚುಚ್ಚುತ್ತದೆ. ಹಾಗಾಗಿ ಟ್ಯೂಬ್ ಬದಲಿಸುವ ಮೊದಲು ಟೈರಿನ ಒಳಮೈಯನ್ನು ಬಟ್ಟೆಯಿಂದ ಒಂದು ಸುತ್ತು ಒರೆಸುತ್ತೇನೆ. ಬಟ್ಟೆಯ ಎಳೆ ಸಿಕ್ಕಿಬಿದ್ದ ಜಾಗದಲ್ಲಿ ಮುಳ್ಳಿದೆ ಎಂದರ್ಥ. ಬೆರಳಿನಿಂದ ಹುಡುಕಿದರೆ ಬೆರಳಿಗೇ ಚುಚ್ಚುತ್ತದೆ. 35 ಮಿಲಿಮೀಟರ್ ಅಗಲದ ಟೈರಿಗೆ 50 ಪಿಎಸ್‌ಐನಷ್ಟು ಗಾಳಿ ನನ್ನ ತೂಕಕ್ಕೆ ಸರಿಹೋಗಿದೆ. ಗರಸಿನ ರಸ್ತೆಗೂ ಕಿತ್ತುಹೋದ ಡಾಂಬರಿಗೂ ಇದು ಸಾಕು. ಎರೆ ಮಣ್ಣಿನ ಹೊಲದ ದಾರಿಗೆ ಮಳೆಯಾದ ಮೇಲೆ ಯಾವ ಟೈರೂ ಸಾಲದು; ಮಣ್ಣು ಗಾಲಿಗೂ ಫೋರ್ಕಿಗೂ ನಡುವೆ ಮೆತ್ತಿಕೊಂಡು, ಹತ್ತು ಹೆಜ್ಜೆಗೆ ಗಾಲಿ ತಿರುಗುವುದೇ ನಿಲ್ಲುತ್ತದೆ. ಸೆಪ್ಟೆಂಬರಿನಲ್ಲಿ ಹಿಂಗಾರಿ ಮಳೆ ಹಿಡಿದಾಗ ಎರೆ ಸೀಮೆಯ ಒಳದಾರಿಗಳನ್ನು ಬಿಟ್ಟುಬಿಡುವುದೇ ವಿವೇಕ.

ಉಮದಿಯಿಂದ ಉತ್ತರಕ್ಕೆ ನೆಲ ನಿಧಾನವಾಗಿ ಭೀಮೆಯತ್ತ ಇಳಿಯುತ್ತದೆ. ಹುಲಜಂತಿಯ ಮಹಾಲಿಂಗರಾಯನ ಗುಡಿಗೆ ದೀಪಾವಳಿಯಲ್ಲಿ ಪಲ್ಲಕ್ಕಿಗಳು ಕೂಡಿ ಭಂಡಾರ (ಅರಿಸಿನದ ಪುಡಿ) ಹಾರುವಾಗ ಸೈಕಲ್ಲಿಗೆ ಜಾಗವಿಲ್ಲ. ಉಳಿದ ದಿನಗಳಲ್ಲಿ ದಾರಿ ಖಾಲಿಯಾಗಿರುತ್ತದೆ. ಮಂಗಳವೇಢೆ ಬಿಜ್ಜಳನ ಊರು, ಕಲ್ಯಾಣಕ್ಕೆ ಹೋಗುವ ಮೊದಲು ಬಸವಣ್ಣನವರು ಕರಣಿಕರಾಗಿದ್ದ ಊರು. ಇಂದು ಜೋಳಕ್ಕೆ ಹೆಸರಾಗಿದೆ. ಅಲ್ಲಿಂದ ಸೋಲಾಪುರದ ಕಡೆಗಿರುವ ಮಾಚನೂರಿನಲ್ಲಿ ಸಿದ್ಧೇಶ್ವರನ ಗುಡಿಯ ಮೆಟ್ಟಿಲುಗಳು ನೇರವಾಗಿ ಭೀಮೆಗೆ ಇಳಿಯುತ್ತವೆ. ಪಕ್ಕದ ಬ್ರಹ್ಮಪುರಿಯಲ್ಲಿ ಔರಂಗಜೇಬನ ದಂಡು 1695ರಿಂದ 1699ರವರೆಗೆ ಬೀಡುಬಿಟ್ಟಿತ್ತು.

ಹೊಳೆಯ ದಂಡೆಯ ದಾರಿಗಳಿಗೆ ಕಾಲ ನೋಡಬೇಕು. ನವೆಂಬರಿನಿಂದ ಮಾರ್ಚ್‌ವರೆಗೆ ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು ಹಗಲುರಾತ್ರಿ ಓಡುತ್ತವೆ; ಹಿಂದಿನ ಟ್ರೇಲರ್ ರಸ್ತೆಯ ಯಾವ ಭಾಗದಲ್ಲಿ ಓಲಾಡುತ್ತಿದೆ ಎಂಬುದು ಚಾಲಕನಿಗೂ ತಿಳಿದಿರುವುದಿಲ್ಲ. ಆಗ ನಾನು ಮಡ್ಡಿಯಲ್ಲಿರುತ್ತೇನೆ. ಕಾರ್ಖಾನೆಗಳು ನಿಂತ ಮೇಲೆ, ಬೇಸಿಗೆಯ ಬೆಳಗಿನಲ್ಲೂ ಜುಲೈ ತಿಂಗಳಲ್ಲೂ, ಹೊಳೆಯ ಕಡೆ ಇಳಿಯುತ್ತೇನೆ.

ಅಲ್ಲಿ ನದಿ ದಾಟುವುದಕ್ಕೆ ಸೈಕಲ್ಲಿಗೆ ಒದಗುವುದು ಕೊಲ್ಲಾಪುರ ಮಾದರಿಯ ಬಾಂದಾರ, ಅಂದರೆ ನದಿಗೆ ಅಡ್ಡಲಾಗಿ ಕಟ್ಟಿದ ಸಣ್ಣ ಒಡ್ಡು. ಕಂಬಗಳ ಸೀಳುಗಳಲ್ಲಿ ಎರಡು ಸಾಲು ಹಲಗೆ ಇಳಿಸಿ, ನಡುವೆ ಮಣ್ಣು ತುಂಬಿ, ಮಳೆಗಾಲ ಮುಗಿದ ಮೇಲೆ ನೀರು ನಿಲ್ಲಿಸುತ್ತಾರೆ. ಮುಂದಿನ ಮಳೆಗೆ ಮೊದಲು ಹಲಗೆ ತೆಗೆಯುತ್ತಾರೆ. ಮೇಲಿನ ಸಿಮೆಂಟಿನ ಪಟ್ಟಿ ಕಿರಿದಾಗಿರುವುದರಿಂದ ಲಾರಿಗಳು ಬರುವುದಿಲ್ಲ. ದಾರಿ ನಿಶ್ಶಬ್ದವಾಗಿರುವುದಕ್ಕೆ ಅದೇ ಕಾರಣ. ಆದರೆ ಅಂಚಿಗೆ ಕಟ್ಟೆಯಿರುವ ಬಾಂದಾರ ಅಪರೂಪ, ಪಟ್ಟಿಯ ಜೋಡಣೆಗಳಲ್ಲಿ ಸೈಕಲ್ಲಿನ ಗಾಲಿ ಸಿಕ್ಕಿಕೊಳ್ಳುವಷ್ಟು ಸೀಳು ಇರುತ್ತದೆ, ನೆರೆ ಇಳಿದ ಮೇಲೆ ಉಳಿದ ರಾಡಿ ಒಣಗುವವರೆಗೆ ಜಾರುತ್ತದೆ. ನಾನು ಇಳಿದು, ನೀರಿನ ಕಡೆಗೆ ಸೈಕಲ್ಲನ್ನು ಇಟ್ಟುಕೊಂಡು, ನಡೆದು ದಾಟುತ್ತೇನೆ. ಪಟ್ಟಿಯ ಮೇಲೆ ಒಂದು ಬೆರಳಿನಷ್ಟು ನೀರು ಹರಿಯುತ್ತಿದ್ದರೂ ಹಿಂದಿರುಗುತ್ತೇನೆ. ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟರೆ ಮಳೆಯಿಲ್ಲದ ದಿನವೂ ಭೀಮೆ ಏರಬಹುದು. 2025ರ ಸೆಪ್ಟೆಂಬರಿನಲ್ಲಿ ಸೀನಾ ನದಿಗೆ ಮಹಾಪೂರ ಬಂದಾಗ ಸೋಲಾಪುರ–ವಿಜಯಪುರ ಹೆದ್ದಾರಿಯೇ ಬಂದಾಗಿತ್ತು. ದಂಡೆಯ ಜಾಲಿಗಿಡಗಳಲ್ಲಿ ಸಿಕ್ಕಿಬಿದ್ದ ಕಸಕಡ್ಡಿಯ ಎತ್ತರ ನೋಡಿದರೆ ನೀರು ಎಲ್ಲಿಯವರೆಗೆ ಬರುತ್ತದೆಂಬುದು ಯಾರನ್ನೂ ಕೇಳದೆ ತಿಳಿಯುತ್ತದೆ.

ಸೀನಾ ಮತ್ತು ಭೀಮೆ ಸೇರುವ ಹತ್ತರಸಂಗ ಕೂಡಲಕ್ಕೆ ನಾನು ಮಂದ್ರೂಪದ ಕಡೆಯಿಂದ, ಹೆದ್ದಾರಿಯನ್ನು ಒಮ್ಮೆ ಮಾತ್ರ ದಾಟಿ, ಹೋಗುತ್ತೇನೆ. ಸಂಗಮೇಶ್ವರ ಗುಡಿಯಲ್ಲಿ ಶಕ 940ರ, ಅಂದರೆ 1018ರ, ಮರಾಠಿಯ ಅತಿ ಹಳೆಯ ಶಾಸನಗಳಲ್ಲೊಂದು ಇದೆ. ಅದನ್ನು ತೋರಿಸುವ ಊರವರು ಮಾತಾಡುವುದು ಕನ್ನಡ. ಪಕ್ಕದ ಗುಡಿಯಲ್ಲಿ ಮೈತುಂಬ ಮುಖಗಳಿರುವ ಲಿಂಗವಿದೆ. ಅಂಗಡಿಗಳು ಹೆಚ್ಚಿಲ್ಲದ ಜಾಗವಾದ್ದರಿಂದ ರೊಟ್ಟಿ, ಶೇಂಗಾ ಚಟ್ನಿ, ಎರಡು ಬಾಟಲಿ ನೀರು ಮಂದ್ರೂಪದಲ್ಲೇ ಕಟ್ಟಿಕೊಳ್ಳುವುದು ಒಳ್ಳೆಯದು. ಮರಳುವಾಗ ಜತ್ತದವರೆಗೆ ಗಾಳಿಗೆ ಎದುರಾಗಿ ತುಳಿಯುವುದು ಒಂದೇ ದಿನದ ಕೆಲಸವಲ್ಲವಾದ್ದರಿಂದ, ಮಂಗಳವೇಢೆಯಲ್ಲಿ ರಾತ್ರಿ ಉಳಿದು ಬೆಳಗಿನ ಐದಕ್ಕೆ ಹೊರಡುತ್ತೇನೆ.