ಕಟ್ಟಡ ಕೆಲಸದವರ ಸಂಘವನ್ನು ಎಲ್ಲಿ ಕಟ್ಟಬೇಕು? ನನ್ನ ಅನುಭವ

ಬೆಂಗಳೂರಿನಲ್ಲಿ ಲಕ್ಷಗಟ್ಟಲೆ ಕಟ್ಟಡ ಕೆಲಸದವರಿದ್ದೀರಿ, ಎಲ್ಲರೂ ಒಂದು ದಿನ ಕೆಲಸ ಬಿಟ್ಟು ಕೂತರೆ ಯಾವ ಬಿಲ್ಡರ್ ತಾನೇ ದಾರಿಗೆ ಬರಲ್ಲ? ಓದಿದವರು ನನ್ನನ್ನು ಹೀಗೆ ಕೇಳುತ್ತಿರುತ್ತಾರೆ. ಕೇಳುವುದು ಸರಿಯಾಗೇ ಇದೆ. ಆದರೆ ಸೈಟಿನ ಒಳಗೆ ಸ್ವಲ್ಪ ದಿನ ಇದ್ದು ನೋಡಿದರೆ ಯಾಕೆ ಕೂರಲ್ಲ ಅಂತ ಗೊತ್ತಾಗುತ್ತದೆ. ನಾನು ಬಾರ್ ಬೆಂಡಿಂಗ್, ಅಂದರೆ ಕಾಂಕ್ರೀಟಿನ ಒಳಗಿನ ಕಬ್ಬಿಣದ ಕಂಬಿ ಬಗ್ಗಿಸಿ ಕಟ್ಟುವ ಕೆಲಸದವನು. ಊರು ಸುರಪುರದ ಹತ್ತಿರ, ಯಾದಗಿರಿ ಜಿಲ್ಲೆ. ಮೀಸೆ ಬರುವ ವಯಸ್ಸಿಗೆ ಬೆಂಗಳೂರಿಗೆ ಬಂದೆ. ಕಂಬಿ ಕಟ್ಟುತ್ತಲೇ ಸಂಘದ ಕೆಲಸಕ್ಕೂ ಇಳಿದೆ. ನಾವು ಮಾಡಿದ್ದರಲ್ಲಿ ಏನು ನಿಂತಿತು, ಏನು ನಿಲ್ಲಲಿಲ್ಲ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ದೊಡ್ಡ ಅಪಾರ್ಟ್‌ಮೆಂಟ್ ಸೈಟ್ ಅಂದರೆ ಒಂದು ಕಂಪನಿ ಅಂದುಕೊಳ್ಳಬೇಡಿ. ಮೇಲೆ ಬಿಲ್ಡರ್, ಅವರ ಕೆಳಗೆ ಮೇನ್ ಕಾಂಟ್ರಾಕ್ಟರ್. ಅವರು ಕಂಬಿ ಕೆಲಸ ಒಬ್ಬರಿಗೆ, ಸೆಂಟ್ರಿಂಗ್ (ಕಾಂಕ್ರೀಟ್ ಹಾಕಲು ಅಚ್ಚಿನ ಹಲಗೆ ಕಟ್ಟುವ ಕೆಲಸ) ಇನ್ನೊಬ್ಬರಿಗೆ, ಕಾಂಕ್ರೀಟ್, ಬ್ಲಾಕ್ ಕೆಲಸ, ಪ್ಲಾಸ್ಟರಿಂಗ್, ಟೈಲ್ಸ್ ಬೇರೆ ಬೇರೆಯವರಿಗೆ ಕೊಟ್ಟಿರುತ್ತಾರೆ. ಆ ಸಬ್ ಕಾಂಟ್ರಾಕ್ಟರ್ ಕೆಳಗೆ ಮೇಸ್ತ್ರಿ, ಮೇಸ್ತ್ರಿ ಕೆಳಗೆ ನಾವು. ಕಂಬಿಗೆ ಟನ್ ಲೆಕ್ಕ, ಸೆಂಟ್ರಿಂಗಿಗೆ ಅಳತೆ ಲೆಕ್ಕ, ಹೆಲ್ಪರಿಗೆ ದಿನಗೂಲಿ. ಒಂದೇ ಸ್ಲ್ಯಾಬಿನ ಮೇಲೆ ನಿಂತವರಿಗೆ ಮಾಲೀಕ ಒಬ್ಬನಲ್ಲ, ಲೆಕ್ಕ ಒಂದಲ್ಲ, ಮಾತೂ ಒಂದಲ್ಲ. ನಾನಿದ್ದ ಸೈಟಿನಲ್ಲಿ ಕಂಬಿಯವರು ನಾವು ರಾಯಚೂರು, ಯಾದಗಿರಿ ಕಡೆಯವರು. ಸೆಂಟ್ರಿಂಗಿನವರು ಬಂಗಾಳದವರು, ಕಾಂಕ್ರೀಟಿಗೆ ಒಡಿಶಾದ ಹುಡುಗರು. ಒಂದು ಗ್ಯಾಂಗಿನ ಪಗಾರ ನಿಂತರೆ ಪಕ್ಕದ ಶೆಡ್ಡಿನವರಿಗೆ ಗೊತ್ತೇ ಆಗುತ್ತಿರಲಿಲ್ಲ.

ಇದಕ್ಕಿಂತ ಗಟ್ಟಿಯಾದದ್ದು ಮುಂಗಡ. ಊರಲ್ಲಿ ಮಗಳ ಮದುವೆ ಇದೆ, ಬೋರ್‌ವೆಲ್ ಕೈಕೊಟ್ಟಿದೆ, ಬೀಜ ಗೊಬ್ಬರಕ್ಕೆ ದುಡ್ಡಿಲ್ಲ. ಆಗ ಮನೆ ಬಾಗಿಲಿಗೆ ಬಂದು ಕೈಗೆ ನೋಟು ಇಡುವವನು ಮೇಸ್ತ್ರಿ. ಅವನು ಹೊರಗಿನವನೂ ಅಲ್ಲ. ಕಾಕನೋ ಸೋದರಮಾವನೋ ಆಗಿರುತ್ತಾನೆ. ಅವನ ಎದುರು ಧಿಕ್ಕಾರ ಕೂಗು ಅಂದರೆ ಯಾರಿಗೆ ಬಾಯಿ ಬರುತ್ತದೆ? ಸೈಟಿಗೆ ಬಂದ ಮೇಲೆ ವಾರಕ್ಕೊಮ್ಮೆ ಖರ್ಚಿ ಕೊಡುತ್ತಾರೆ, ಅಕ್ಕಿ ಬೇಳೆ ಎಣ್ಣೆಗೆ ಆಗುವಷ್ಟು. ಪೂರ್ತಿ ಲೆಕ್ಕ ಊರಿಗೆ ಹೊರಟಾಗ. ಅಂದರೆ ನಿಮ್ಮ ದುಡಿಮೆಯ ದುಡ್ಡು ಯಾವಾಗಲೂ ಇನ್ನೊಬ್ಬರ ಕೈಯಲ್ಲೇ ಇರುತ್ತದೆ. ಜಗಳ ಆಡಿದವನು ಅದನ್ನು ಬಿಟ್ಟು ಹೋಗಬೇಕು.

ಸಂಘ ಇರಲಿಲ್ಲವೇ? ಇತ್ತು. ನಾನೂ ಒಂದರ ಸದಸ್ಯನಾಗಿದ್ದೆ. 1996ರಲ್ಲಿ ಕಟ್ಟಡ ಕಾರ್ಮಿಕರಿಗೆ ಅಂತಲೇ ಕೇಂದ್ರದ ಕಾನೂನು ಬಂತು, ಕಟ್ಟಡದ ವೆಚ್ಚದ ಮೇಲೆ ಶೇಕಡಾ 1ರಷ್ಟು ಸೆಸ್ ಅನ್ನುವ ತೆರಿಗೆ ಹಾಕುವ ಕಾನೂನೂ ಬಂತು. ಅದು ಯಾರೋ ದಯೆ ತೋರಿಸಿ ಕೊಟ್ಟದ್ದಲ್ಲ. ದೇಶದ ಹಲವು ಸಂಘಗಳು ಎಂಬತ್ತರ ದಶಕದಿಂದ ಬೆನ್ನು ಬಿಡದೆ ಕೇಳಿದ್ದರಿಂದ ಬಂದದ್ದು. ನಮ್ಮ ರಾಜ್ಯದಲ್ಲಿ ನಿಯಮಗಳು 2006ರಲ್ಲಿ ಆದವು, ಆ ಸೆಸ್ ದುಡ್ಡಿನಿಂದ ಕಾರ್ಮಿಕರಿಗೆ ನೆರವು ಕೊಡುವ ಕಲ್ಯಾಣ ಮಂಡಳಿ 2007ರಲ್ಲಿ ಶುರುವಾಯಿತು. 18ರಿಂದ 60 ವಯಸ್ಸಿನವರು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿದ ಪ್ರಮಾಣಪತ್ರ ಇದ್ದರೆ ಕಾರ್ಡ್. ಹೆರಿಗೆ, ಮಕ್ಕಳ ಓದು, ಮದುವೆ, ಅಪಘಾತ, ಪಿಂಚಣಿ, ಎಲ್ಲಕ್ಕೂ ಆ ಕಾರ್ಡ್ ಬೇಕು. ಅದರಿಂದ ಎಷ್ಟೋ ಮನೆಗಳಿಗೆ ಒಳ್ಳೆಯದಾಗಿದೆ. ಇದನ್ನು ನಾನು ಸಣ್ಣದು ಮಾಡುವುದಿಲ್ಲ.

ಆದರೆ ಸಂಘದ ಆಫೀಸು ಬರಬರುತ್ತಾ ಅರ್ಜಿ ತುಂಬಿಸುವ ಜಾಗವಾಯಿತು. ಫೋಟೊ, ಆಧಾರ್, 90 ದಿನದ ಪತ್ರ, ನವೀಕರಣ. ಜನ ಬರುತ್ತಿದ್ದದ್ದು ಕಾರ್ಡಿಗೆ, ಕಾರ್ಡ್ ಸಿಕ್ಕ ಮೇಲೆ ಮತ್ತೆ ಮುಖ ತೋರಿಸುತ್ತಿದ್ದದ್ದು ನವೀಕರಣಕ್ಕೆ. ಮಧ್ಯೆ ಏಜೆಂಟರು ಸೇರಿಕೊಂಡು ಒಂದು ದಿನವೂ ಬಾಂಡ್ಲಿ ಹಿಡಿಯದವರಿಗೂ ದುಡ್ಡಿಗೆ ಕಾರ್ಡ್ ಮಾಡಿಸಿಕೊಟ್ಟರು. ಆಮೇಲೆ ನಕಲಿ ಕಾರ್ಡ್ ಹುಡುಕಾಟ ಶುರುವಾದಾಗ ನಿಜವಾಗಿ ದುಡಿದವರೂ ಕಚೇರಿಗೆ ಅಲೆಯಬೇಕಾಯಿತು. ನನ್ನ ಪ್ರಕಾರ ದೊಡ್ಡ ನಷ್ಟ ಇದಲ್ಲ. ಕಾರ್ಡಿನ ದುಡ್ಡು ಕೊಡುವುದು ಮಂಡಳಿ, ಪಗಾರ ಕೊಡಬೇಕಾದವರು ಕಾಂಟ್ರಾಕ್ಟರು. ಸಂಘ ಯಾವಾಗಲೂ ಮಂಡಳಿಯ ಬಾಗಿಲಲ್ಲೇ ನಿಂತರೆ ಕಾಂಟ್ರಾಕ್ಟರನ್ನು ಕೇಳುವವರು ಯಾರು?

ಇದು ನಮಗೆ ಸರಿಯಾಗಿ ತಟ್ಟಿದ್ದು 2020ರಲ್ಲಿ. ಲಾಕ್‌ಡೌನಿನಲ್ಲಿ ಕೆಲಸ ಇಲ್ಲ, ಖರ್ಚಿ ಇಲ್ಲ. ಊರಿಗೆ ಹೋಗಲು ಶ್ರಮಿಕ್ ರೈಲು ಬಿಟ್ಟರು. ಮೇ 5ರಂದು ಬಿಲ್ಡರುಗಳ ಜೊತೆ ಮುಖ್ಯಮಂತ್ರಿಗಳ ಸಭೆ ನಡೆಯಿತು. ಅದರ ಬೆನ್ನಿಗೇ ಸರ್ಕಾರ ರೈಲುಗಳನ್ನು ರದ್ದು ಮಾಡಿತು. ದೇಶದ ತುಂಬ ಜನ ಪ್ರಶ್ನೆ ಮಾಡಿದ್ದರಿಂದ ಒಂದೆರಡು ದಿನದಲ್ಲೇ ಆ ತೀರ್ಮಾನ ಬದಲಾಯಿತು. ಆದರೆ ಆ ದಿನಗಳಲ್ಲಿ ಶೆಡ್ಡಿನಲ್ಲಿ ಗಂಟು ಕಟ್ಟಿ ಕೂತಿದ್ದವರ ಮುಖ ನಾನು ನೋಡಿದ್ದೇನೆ. ಬಿಲ್ಡರುಗಳಿಗೆ ಸಂಘ ಇತ್ತು, ಅವರನ್ನು ಕರೆದು ಕೂರಿಸಿ ಮಾತಾಡಿದರು. ನಮ್ಮ ಪರವಾಗಿ ಆ ಕೋಣೆಯಲ್ಲಿ ಯಾರೂ ಇರಲಿಲ್ಲ.

ಲಾಕ್‌ಡೌನ್ ಕಳೆದ ಮೇಲೆ ಬೆಂಗಳೂರಿನ ಪೂರ್ವದ ಕಡೆ ಒಂದು ಸೈಟಿಗೆ ಸೇರಿದೆ. ಅಲ್ಲಿ ಶುರು ಮಾಡಿದ್ದು ಭಾಷಣದಿಂದ ಅಲ್ಲ, ಒಂದು ನೋಟ್‌ಬುಕ್ಕಿನಿಂದ. ನಮ್ಮ ಗ್ಯಾಂಗಿನಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಹುಡುಗನೊಬ್ಬ ಇದ್ದ. ದಿನಾ ಸಂಜೆ ಹಾಜರಿ ಬರೆಯುವುದು ಅವನ ಕೆಲಸ. ಹೆಸರು, ದಿನ, ಓಟಿ, ಖರ್ಚಿ ಎಷ್ಟು ಬಂತು, ಬಾಕಿ ಎಷ್ಟು. ಶನಿವಾರ ಮೇಸ್ತ್ರಿಗೆ ತೋರಿಸಿ ಸಹಿ ಹಾಕಿಸುವುದು, ಆ ಪುಟದ ಫೋಟೊ ಎಲ್ಲರ ಫೋನಿಗೂ ಕಳಿಸುವುದು. ಮೇಸ್ತ್ರಿ ಮೊದಲು ಮುಖ ಗಂಟು ಹಾಕಿದ. ಆಮೇಲೆ ಅವನಿಗೂ ಅನುಕೂಲ ಕಂಡಿತು. ಸಬ್ ಕಾಂಟ್ರಾಕ್ಟರ್ ಅವನಿಗೂ ಲೆಕ್ಕ ತಪ್ಪಿಸುತ್ತಿದ್ದರಲ್ಲ.

ನೋಟ್‌ಬುಕ್ಕಿನಲ್ಲಿ ಒಂದು ವಿಷಯ ಬಹಳ ಚರ್ಚೆ ಎಬ್ಬಿಸಿತು. ನಮ್ಮ ಕಡೆಯಿಂದ ಗಂಡ ಹೆಂಡತಿ ಜೋಡಿಯಾಗಿ ಬರುತ್ತಾರೆ, ಪಗಾರವೂ ಜೋಡಿ ಲೆಕ್ಕ, ಬರೆಯುವುದು ಗಂಡನ ಹೆಸರು. ಕಟ್ ಮಾಡಿದ ಕಂಬಿಯನ್ನು ಹೆಗಲ ಮೇಲೆ ಮಹಡಿಗೆ ಸಾಗಿಸುವ ಹೆಂಗಸರ ಹೆಸರು ಎಲ್ಲೂ ಇರುತ್ತಿರಲಿಲ್ಲ. ಅಕ್ಕ ಒಬ್ಬರು ಹುಡುಗನ ಪಕ್ಕ ಬಂದು ಕೂತು ಹೇಳಿದರು: "ನನ್ನ ಹೆಸರು ಬ್ಯಾರೇನ ಬರಿ ತಮ್ಮಾ. ಹೊತ್ತಾಕಿ ನಾನು, ಹೆಸರು ಅವರದಾ?" ಗಂಡಸರು ಕೆಲವರು ಗೊಣಗಿದರು. ಆದರೂ ಬರೆದೆವು. ಎಲ್ಲಾ ಹೆಂಗಸರ ಹೆಸರೂ ಬೇರೆ ಬೇರೆ ಸಾಲಿನಲ್ಲಿ. ಮಂಡಳಿಯ ಕಾರ್ಡಿಗೆ 90 ದಿನದ ಪತ್ರ ಕೇಳಲು ಹೋದಾಗ ಅದೇ ಸಾಲುಗಳು ಅವರ ಕೈಗೆ ಆಧಾರವಾದವು.

ಸೆಂಟ್ರಿಂಗಿನ ಬಂಗಾಳಿ ಹುಡುಗರು ಇದನ್ನು ನೋಡುತ್ತಿದ್ದರು. ಅವರಿಗೆ ನಮ್ಮ ಮೇಲೆ ನಂಬಿಕೆ ಇರಲಿಲ್ಲ, ನಮಗೂ ಅವರ ಮೇಲೆ ಅಷ್ಟಕ್ಕಷ್ಟೇ. ಕಡಿಮೆ ರೇಟಿಗೆ ಬಂದು ನಮ್ಮ ಕೆಲಸ ಕಿತ್ತುಕೊಳ್ಳುತ್ತಾರೆ ಅನ್ನುವ ಮಾತು ನಮ್ಮವರ ಬಾಯಲ್ಲೇ ಇತ್ತು. ಭಾನುವಾರದ ಸಂತೆಯಲ್ಲಿ ಮೀನು ಕೊಳ್ಳುವಾಗ, ಟೀ ಕುಡಿಯುವಾಗ, ಹರಕು ಮುರುಕು ಹಿಂದಿಯಲ್ಲಿ ಮಾತು ಶುರುವಾಯಿತು. ಶೆಡ್ಡಿನಲ್ಲಿ ಸೆಕ್ಯುರಿಟಿ ಕಣ್ಣು ಇರುತ್ತದೆ, ಸಂತೆಯಲ್ಲಿ ಯಾರು ಕೇಳುತ್ತಾರೆ? ಅವರ ಖರ್ಚಿಯೂ ನಮ್ಮ ಹಾಗೇ ತಡವಾಗುತ್ತಿತ್ತು. ಅವರೂ ಒಂದು ನೋಟ್‌ಬುಕ್ ಇಟ್ಟರು, ಬಂಗಾಳಿಯಲ್ಲಿ. ಅಂಕಿ ಓದಲು ಭಾಷೆ ಏನೂ ಅಡ್ಡ ಬರಲಿಲ್ಲ, ಫೋನಿನಲ್ಲಿ ಬಾಕಿ ಮೊತ್ತ ತೋರಿಸಿದರೆ ಸಾಕಿತ್ತು.

ಆಮೇಲೆ ಬಂತು ಪಗಾರ ನಿಂತ ಸಮಯ. ಎರಡು ತಿಂಗಳ ಮೇಲಾದರೂ ಸಬ್ ಕಾಂಟ್ರಾಕ್ಟರ್ ಬಿಲ್ ಆಗಿಲ್ಲ, ಬಿಲ್ ಆಗಿಲ್ಲ ಅನ್ನುತ್ತಲೇ ಇದ್ದರು. ಲೇಬರ್ ಆಫೀಸಿಗೆ ಅರ್ಜಿ ಕೊಟ್ಟೆವು, ತಾರೀಖು ಸಿಕ್ಕಿತು, ದುಡ್ಡು ಸಿಗಲಿಲ್ಲ. ಕಟ್ಟಡ ಕೆಲಸದಲ್ಲಿ ಎಲ್ಲಾ ದಿನಕ್ಕೂ ಒಂದೇ ಬೆಲೆ ಇಲ್ಲ. ಸುಮ್ನೆ ಯಾವುದೋ ಮಂಗಳವಾರ ಕೆಲಸ ನಿಲ್ಲಿಸಿದರೆ ಯಾರೂ ಕೇರ್ ಮಾಡಲ್ಲ. ಸ್ಲ್ಯಾಬ್ ಹಾಕುವ ಹಿಂದಿನ ದಿನ ಹಾಗಲ್ಲ. ಕೆಳಗಿನ ಕಂಬಿ ಜಾಲ ಹಾಸಿ, ಅದರಡಿ ಕವರ್ ಬ್ಲಾಕ್ ಅನ್ನುವ ಸಣ್ಣ ತುಂಡು ಇಟ್ಟು, ಮೇಲಿನ ಜಾಲ ಎತ್ತಿ ಹಿಡಿಯುವ ಕಂಬಿ ಚೇರ್ ನಿಲ್ಲಿಸಿ, ಮೇಲಿನ ಜಾಲ ಹಾಕಿ, ಬೈಂಡಿಂಗ್ ವೈರಿನಲ್ಲಿ ಕೊಕ್ಕೆ ತಿರುವಿ ಕಟ್ಟಬೇಕು. ಇಂಜಿನಿಯರ್ ಬಂದು ಚೆಕ್ ಮಾಡಿ ಸಹಿ ಹಾಕದೆ ಕಾಂಕ್ರೀಟ್ ಬೀಳುವುದಿಲ್ಲ. ಅಷ್ಟರಲ್ಲಿ ಪಂಪ್ ಬುಕ್ ಆಗಿರುತ್ತದೆ, ಆರ್‌ಎಂಸಿ (ರೆಡಿ ಮಿಕ್ಸ್ ಕಾಂಕ್ರೀಟ್) ಗಾಡಿಗಳಿಗೆ ಆರ್ಡರ್ ಹೋಗಿರುತ್ತದೆ. ಮಿಕ್ಸ್ ಆದ ಮಾಲು ಗಂಟೆಗಟ್ಟಲೆ ಕಾಯುವುದಿಲ್ಲ. ಹಾಕಲು ಶುರು ಮಾಡಿದ ಮೇಲೆ ಮನಸ್ಸಿಗೆ ಬಂದ ಕಡೆ ನಿಲ್ಲಿಸಲೂ ಆಗುವುದಿಲ್ಲ, ಜಾಯಿಂಟ್ ಬಿಟ್ಟರೆ ಸ್ಲ್ಯಾಬೇ ದುರ್ಬಲ.

ನಾವು ಕೂತದ್ದು ಅಂಥ ಒಂದು ಸ್ಲ್ಯಾಬಿನ ಹಿಂದಿನ ಸಂಜೆ. ಆ ಸಂಜೆ ನಾವು ಏನನ್ನೂ ಒಡೆಯಲಿಲ್ಲ, ಯಾರನ್ನೂ ಬೈಯಲಿಲ್ಲ. ಕೊನೆಯ ಭಾಗದ ಮೇಲಿನ ಜಾಲ ಕಟ್ಟುವುದು ಉಳಿದಿತ್ತು. ಕೊಕ್ಕೆಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಂಬಿಯ ಪಕ್ಕದಲ್ಲೇ ಕೂತೆವು. ಬಾಕಿ ಕೊಟ್ಟರೆ ರಾತ್ರಿಯೇ ಕಟ್ಟಿ ಮುಗಿಸುತ್ತೇವೆ ಅಂತ ಹೇಳಿದೆವು. ಸೂಪರ್‌ವೈಸರ್ ಸೆಂಟ್ರಿಂಗಿನವರನ್ನು ಕರೆದು ನೀವೇ ಕಟ್ಟಿ ಅಂದರು. ಒಂದು ವರ್ಷ ಮುಂಚೆ ಆಗಿದ್ದರೆ ಅವರು ಕಟ್ಟುತ್ತಿದ್ದರು, ಅದರಲ್ಲಿ ಅನುಮಾನ ಇಲ್ಲ. ಈಗ ಅವರ ಮುಂದಾಳು ತನ್ನ ಫೋನ್ ತೆಗೆದು ನೋಟ್‌ಬುಕ್ಕಿನ ಫೋಟೊ ತೋರಿಸಿ, ಮೊದಲು ನಮ್ಮದೂ ಕೊಡಿ ಸಾರ್ ಅಂದ. ನನಗೆ ಆ ಕ್ಷಣದಲ್ಲಿ ಗಂಟಲು ತುಂಬಿ ಬಂತು.

ಮಾತಾಡುವಾಗ ನಾವು ಸಬ್ ಕಾಂಟ್ರಾಕ್ಟರ್ ಜೊತೆ ಕೂರಲಿಲ್ಲ. ಮೇನ್ ಕಾಂಟ್ರಾಕ್ಟರ್ ಕಡೆಯವರು ಬರಬೇಕು ಅಂದೆವು. ಆಗ ಜಾರಿಯಲ್ಲಿದ್ದ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಕೊಟ್ಟ ಮೇಲಿನವರೇ ಕೊಟ್ಟು ಆಮೇಲೆ ಅವನಿಂದ ವಸೂಲು ಮಾಡಿಕೊಳ್ಳಬೇಕಿತ್ತು. ವಕೀಲರೊಬ್ಬರು ಇದನ್ನು ಕನ್ನಡದಲ್ಲಿ ಬರೆದುಕೊಟ್ಟಿದ್ದರು, ಆ ಹಾಳೆ ಜೇಬಲ್ಲಿತ್ತು. ರಾತ್ರಿ ಊಟದ ಹೊತ್ತಿಗೆ ಒಂದು ತಿಂಗಳ ಬಾಕಿ ಖಾತೆಗಳಿಗೆ ಬಂತು. ಉಳಿದದ್ದು ಮುಂದಿನ ಶನಿವಾರ, ಬರೆದುಕೊಟ್ಟ ಪತ್ರದ ಮೇಲೆ. ಹೆಂಗಸರ ಪಾಲು ಹೆಂಗಸರ ಖಾತೆಗೇ ಬಂತು. ಲೈಟ್ ಹಾಕಿಕೊಂಡು ಕಂಬಿ ಕಟ್ಟಿ ಮುಗಿಸಿದೆವು, ಬೆಳಿಗ್ಗೆ ಸ್ಲ್ಯಾಬ್ ಬಿತ್ತು.

ಇಷ್ಟಕ್ಕೆ ಮುಗಿಯಲಿಲ್ಲ. ಮುಂದೆ ನಿಂತು ಮಾತಾಡಿದ ನಮಗೆ ಮುಂದಿನ ಸೈಟಿಗೆ ಕರೆ ಬರಲಿಲ್ಲ. ಬೇರೆ ಮೇಸ್ತ್ರಿಗಳಿಗೂ ಸುದ್ದಿ ಮುಟ್ಟಿತ್ತು. ಸೆಂಟ್ರಿಂಗಿನವರು ಹೈದರಾಬಾದಿಗೆ ಹೋದರು. ಆ ಕಟ್ಟಡ ಮುಗಿಯಿತು, ಶೆಡ್ ಕಿತ್ತರು, ಅಲ್ಲಿ ಈಗ ಲಾನ್ ಇದೆ. ಅಲ್ಲಿ ಕಟ್ಟಿದ ಒಗ್ಗಟ್ಟೂ ಶೆಡ್ಡಿನ ಜೊತೆಗೇ ಚದುರಿಹೋಯಿತು.

ಇಲ್ಲಿಂದಲೇ ನನ್ನ ಯೋಚನೆ ಬೇರೆಯಾಯಿತು. ಕಾರ್ಖಾನೆಯ ಸಂಘಕ್ಕೆ ಒಂದು ಗೇಟು ಇರುತ್ತದೆ, ಇಪ್ಪತ್ತು ವರ್ಷ ಅದೇ ಗೇಟಿನ ಮುಂದೆ ಬಾವುಟ ನೆಡಬಹುದು. ನಮ್ಮ ಕಾರ್ಖಾನೆಯನ್ನು ನಾವೇ ಮುಗಿಸಿ ಕೊಟ್ಟು ಹೊರಡುತ್ತೇವೆ. ಹಾಗಾಗಿ ಸೈಟಿನಲ್ಲಿ ಸಂಘದ ಬುಡ ಇಟ್ಟರೆ ನಿಲ್ಲುವುದಿಲ್ಲ. ಮುಂಗಡ ಎಲ್ಲಿ ಕೈ ಬದಲಾಗುತ್ತದೋ ಅಲ್ಲಿ ಇಡಬೇಕು, ಅಂದರೆ ಊರಲ್ಲಿ. ನಮ್ಮ ಕಡೆ ಮೊಹರಂಗೆ ಎಲ್ಲೇ ಇದ್ದರೂ ಜನ ಊರು ಸೇರುತ್ತಾರೆ. ಯಾವ ಜಾತಿ ಅಂತ ಇಲ್ಲ, ಅಲಾಯಿ ಕುಣಿಗೆ (ಮೊಹರಂ ಬೆಂಕಿ ಹಾಕುವ ಗುಂಡಿ, ಅದರ ಸುತ್ತ ಕುಣಿಯುತ್ತಾರೆ) ಎಲ್ಲರೂ ಬರಬೇಕು. ಈಗ ನಮ್ಮ ಸಭೆ ಆಗ. ಯಾವ ಮೇಸ್ತ್ರಿ ಹೋದ ವರ್ಷ ಎಷ್ಟು ಬಾಕಿ ಉಳಿಸಿದ, ಟನ್ನಿಗೆ ಯಾವ ರೇಟ್ ನಡೆಯುತ್ತಿದೆ, ಶೆಡ್ಡಿನಲ್ಲಿ ನೀರು ಕಕ್ಕಸು ಇದೆಯಾ, ಎಲ್ಲವನ್ನೂ ಕೂತು ಮಾತಾಡುತ್ತೇವೆ. ಒಂದು ಓಣಿಯವರು ಒಂದೇ ರೇಟಿಗೆ ಒಪ್ಪಿ, ಅದಕ್ಕಿಂತ ಕೆಳಗೆ ಮುಂಗಡ ಹಿಡಿಯುವುದಿಲ್ಲ ಅಂತ ಗಟ್ಟಿಯಾಗಿ ನಿಂತರೆ ಬೆಂಗಳೂರಿನಲ್ಲಿ ಅರ್ಧ ಜಗಳ ತಪ್ಪುತ್ತದೆ. ಎಲ್ಲಾ ಊರಲ್ಲೂ ಆಗಿಲ್ಲ. ಮಳೆ ಕೈಕೊಟ್ಟ ವರ್ಷ ಜನ ಸಿಕ್ಕ ರೇಟಿಗೆ ಹೋಗಿಬಿಡುತ್ತಾರೆ, ಅವರನ್ನು ದೂರುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ.

ಈಗ ಕಾನೂನೂ ಬದಲಾಗಿದೆ. 2025ರ ನವೆಂಬರ್ 21ರಿಂದ ಹಳೆಯ ಕಾರ್ಮಿಕ ಕಾನೂನುಗಳ ಬದಲು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಮುಷ್ಕರಕ್ಕೆ 14 ದಿನ ಮುಂಚೆ ನೋಟಿಸ್ ಕೊಡಬೇಕು. ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಜನ ಒಟ್ಟಿಗೆ ರಜೆ ಹಾಕಿದರೂ ಅದು ಮುಷ್ಕರದ ಲೆಕ್ಕ. ಗುತ್ತಿಗೆ ಕಾರ್ಮಿಕರ ನಿಯಮ ಮೊದಲು 20 ಜನರಿದ್ದರೆ ಅನ್ವಯಿಸುತ್ತಿತ್ತು, ಈಗ 50 ಆಗಿದೆ. ನಮ್ಮಂಥ ಸಣ್ಣ ಗ್ಯಾಂಗುಗಳು ಇದರಿಂದ ಹೊರಗೇ ಉಳಿಯುತ್ತವೆ. ನಾವು ಅವತ್ತು ಕೂತ ಹಾಗೆ ಇವತ್ತು ಯಾರಾದರೂ ಸಂಜೆಗೆ ಸಂಜೆ ಕೂತರೆ ಕೇಸಿಗೆ ಸಿಕ್ಕಿಕೊಳ್ಳಬಹುದು. ಒಂದು ಸಮಾಧಾನ ಏನೆಂದರೆ, ಕೂಲಿ ಕೊಡಬೇಕಾದವನು ಕೊಡದಿದ್ದರೆ ಕೆಲಸದ ಜಾಗದ ಮಾಲೀಕರೇ ಹೊಣೆ ಅನ್ನುವುದು ವೇತನ ಸಂಹಿತೆಯಲ್ಲಿದೆ. ಅದಕ್ಕೇ ಈಗ ಪಗಾರ ಒಂದು ವಾರ ತಡವಾದ ಕೂಡಲೇ ಕಾಗದದಲ್ಲಿ ಬರೆದು, ಮೇಲಿನವರ ಹೆಸರಿಗೂ ಒಂದು ಪ್ರತಿ ಕೊಟ್ಟು, ಸ್ವೀಕೃತಿ ಸಹಿ ತೆಗೆದುಕೊಳ್ಳಿ ಅಂತ ಎಲ್ಲಾ ಗ್ಯಾಂಗುಗಳಿಗೂ ಹೇಳುತ್ತಿದ್ದೇವೆ.

ಚಂದಾ ವಿಷಯ ಕೇಳುತ್ತಾರೆ. ತಿಂಗಳ ಚಂದಾ ಸಣ್ಣದು, ರಸೀದಿ ಕಡ್ಡಾಯ. ಕಾರ್ಡ್ ಮಾಡಿಸಿಕೊಟ್ಟದ್ದಕ್ಕೆ ಒಂದು ರೂಪಾಯಿಯೂ ತೆಗೆದುಕೊಳ್ಳುವುದಿಲ್ಲ. ಇದರಲ್ಲಿ ಮಾತ್ರ ನಾವು ಯಾರಿಗೂ ಸಡಿಲ ಬಿಟ್ಟಿಲ್ಲ.

ನಮ್ಮೊಳಗೆ ಇನ್ನೂ ತೀರದ ಜಗಳ ಒಂದೇ, ಮೇಸ್ತ್ರಿಗಳನ್ನು ಸದಸ್ಯರು ಮಾಡಬೇಕೇ ಬೇಡವೇ ಅನ್ನುವುದು. ಅವರೂ ಕಂಬಿ ಕಟ್ಟಿಯೇ ಮೇಲೆ ಬಂದವರು, ಅವರಿಗೂ ಮೇಲಿನವರು ಮೋಸ ಮಾಡುತ್ತಾರೆ, ಸೇರಿಸಿಕೊಳ್ಳೋಣ ಅನ್ನುವವರು ಅರ್ಧ ಜನ. ನಾನು ಬೇಡ ಅನ್ನುವ ಕಡೆ ಇದ್ದೇನೆ. ಮೇಸ್ತ್ರಿ ಜೊತೆ ಕೂತು ಮಾತಾಡೋಣ, ಸಬ್ ಕಾಂಟ್ರಾಕ್ಟರ್ ವಿರುದ್ಧ ಅವನ ಪಕ್ಕದಲ್ಲಿ ನಿಲ್ಲೋಣ. ಆದರೆ ಮುಂಗಡ ಕೊಟ್ಟವನು ಸಭೆಯಲ್ಲಿ ಕೂತಿದ್ದರೆ ಮುಂಗಡ ತೆಗೆದುಕೊಂಡವನು ಬಾಯಿ ಬಿಡುವುದಿಲ್ಲ. ಮುಂದಿನ ಮೊಹರಂ ಸಭೆಯಲ್ಲಿ ಇದನ್ನು ವೋಟಿಗೆ ಹಾಕುತ್ತೇವೆ. ಈ ಸಲ ಹೆಂಗಸರ ವೋಟೂ ಅವರವರ ಹೆಸರಿನಲ್ಲೇ ಬೀಳುತ್ತದೆ.